ಮಳೆಗಾಲದ ರಿಯಾಯಿತಿ ವರ್ಷಪೂರ್ತಿಗೆ ಆಗುತ್ತದೆಯೇ?

ಪ್ರಶ್ನೆ: ಸರ್, ನಾನು ಉಡುಪಿಯಲ್ಲಿ ಅಕೌಂಟ್ಸ್, ಜಿಎಸ್‌ಟಿ ಫೈಲಿಂಗ್ ಮಾಡಿಕೊಡುತ್ತೇನೆ. ಮಲ್ಪೆಯ ಒಂದು ಐಸ್ ಪ್ಲಾಂಟಿಗೆ ತಿಂಗಳಿಗೆ 18,000 ರೂಪಾಯಿ ಎಂದು ವಾಟ್ಸಾಪಿನಲ್ಲಿ ರೇಟು ಕಳಿಸಿದ್ದೆ. "ಆಯ್ತು, ಒಂದನೇ ತಾರೀಕಿನಿಂದ ಶುರು ಮಾಡಿ" ಎಂದು ಧಣಿಗಳು ಉತ್ತರಿಸಿದರು. ಬೇರೆ ಕಾಗದಪತ್ರ ಇಲ್ಲ. ಮೀನುಗಾರಿಕೆ ರಜೆಯಲ್ಲಿ ವ್ಯಾಪಾರ ಇಲ್ಲ, ಸ್ವಲ್ಪ ಕಡಿಮೆ ಮಾಡಿ ಎಂದರು. "ಬೋಟು ಕಡಲಿಗಿಳಿಯುವವರೆಗೆ 12,000 ಕೊಡಿ" ಎಂದು ಮೆಸೇಜು ಮಾಡಿದೆ. ಆಗಸ್ಟಿನಿಂದ ಪುನಃ 18,000ಕ್ಕೆ ಬಿಲ್ಲು ಕಳಿಸುತ್ತಿದ್ದೇನೆ, ಅವರು 12,000 ಮಾತ್ರ ಹಾಕುತ್ತಾರೆ. "ರೇಟು ಇಳಿಸಿದ್ದು ನೀವೇ ಅಲ್ವಾ? ಸಹಿ ಹಾಕಿದ ಅಗ್ರಿಮೆಂಟ್ ಎಲ್ಲಿದೆ?" ಎಂದು ಕೇಳುತ್ತಾರೆ. ನಡುವೆ ಅವರಿಗೆ ಬಂದ ಜಿಎಸ್‌ಟಿ ನೋಟಿಸಿಗೆ ಉತ್ತರ ಬರೆದುಕೊಟ್ಟೆ. ಅದರ 15,000 ಕೂಡ ಬಂದಿಲ್ಲ. ಅವರ ಲೆಕ್ಕಪತ್ರದ ಟ್ಯಾಲಿ ಡೇಟಾ ನನ್ನ ಹತ್ತಿರ ಇದೆ. ಹಣ ಬರುವವರೆಗೆ ಹಿಡಿದಿಟ್ಟುಕೊಳ್ಳಬಹುದೇ?

ಉತ್ತರ: ಬೇಡ ಮೇಡಂ. ರಿಟರ್ನ್ ತಡವಾಗಿ ಲೇಟ್ ಫೀ ಬಿದ್ದರೆ ಅವರು ಅದನ್ನೇ ಹಿಡಿದುಕೊಂಡು ನಿಮ್ಮ ಮೇಲೆ ತಿರುಗಿ ಬೀಳುತ್ತಾರೆ. ಸುಮ್ನೆ ಅವರ ಕೈಗೆ ಕೋಲು ಕೊಡಬೇಡಿ.

ಸಹಿಯ ಮಾತಿಗೆ ಹೆದರಬೇಕಿಲ್ಲ. ನೀವು ರೇಟು ಹೇಳಿದಿರಿ, ಅವರು ಒಪ್ಪಿ ಕೆಲಸ ಶುರು ಮಾಡಿಸಿದರು, ಹಣವನ್ನೂ ಕೊಟ್ಟರು. 1872ರ ಕರಾರು ಕಾಯ್ದೆಯ ಪ್ರಕಾರ ಇಂಥ ಕೆಲಸದ ಒಪ್ಪಂದಕ್ಕೆ ಇಷ್ಟು ಸಾಕು. ಮೊಬೈಲಿನಲ್ಲಿ ಆಯಿತು ಎಂಬ ಕಾರಣಕ್ಕೆ ಅದು ಬಿದ್ದುಹೋಗುವುದಿಲ್ಲ.

ರಿಯಾಯಿತಿಯಲ್ಲಿ ಸ್ವಲ್ಪ ಜಾಗ್ರತೆ ಬೇಕು. ಜೂನ್, ಜುಲೈಯಲ್ಲಿ ಬಿಟ್ಟುಕೊಟ್ಟ ಹಣವನ್ನು ಈಗ ಕೇಳಲು ಹೋಗಬೇಡಿ. ಬರಬೇಕಾದ್ದನ್ನು ಒಬ್ಬರು ತಾವಾಗಿ ಬಿಟ್ಟುಕೊಟ್ಟರೆ, ಬದಲಿಗೆ ಏನೂ ಸಿಗದಿದ್ದರೂ ಅದು ಬಿಟ್ಟಂತೆಯೇ. ಕಾಯ್ದೆಯ 63ನೇ ಕಲಂ ಹಾಗೆ ಹೇಳುತ್ತದೆ. ಆದರೆ ನೀವು ಬಿಟ್ಟದ್ದು ಬೋಟು ಇಳಿಯುವವರೆಗೆ ಮಾತ್ರ. ಯಾಂತ್ರಿಕ ಬೋಟುಗಳ ಮಳೆಗಾಲದ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಆಗಸ್ಟ್ ಮೊದಲ ವಾರ ಕಡಲು ಅಬ್ಬರ ಇತ್ತು, ಬೋಟು ಇಳಿಯಲೇ ಇಲ್ಲ ಎಂದು ಅವರ ವಕೀಲರು ವಾದಿಸಿಯಾರು. (ನಾನಾದರೆ ಖಂಡಿತ ವಾದಿಸುತ್ತಿದ್ದೆ.) ಆ ಒಂದೆರಡು ವಾರದ ಹಣಕ್ಕೆ ಜಗಳ ಬೇಡ. ಅದರ ಮುಂದಿನದ್ದು ನಿಮ್ಮದೇ. ಒಪ್ಪಂದ ಬದಲಾಗಬೇಕಾದರೆ ಇಬ್ಬರೂ ಒಪ್ಪಬೇಕು. ಅವರೊಬ್ಬರೇ ಕಡಿಮೆ ಹಾಕುತ್ತಾ ಹೋದರೆ ರೇಟು ಬದಲಾಗುವುದಿಲ್ಲ. ಪ್ರತಿ ತಿಂಗಳೂ 18,000ಕ್ಕೇ ಬಿಲ್ಲು ಕಳಿಸಿದ್ದು ನಿಮ್ಮ ದೊಡ್ಡ ಬಲ. 12,000ಕ್ಕೆ ಬಿಲ್ಲು ಮಾಡಿ ಸುಮ್ಮನಿದ್ದಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ನೋಟಿಸಿನ 15,000ದ ವಿಷಯದಲ್ಲಿ ಮಾತ್ರ ನಿಮ್ಮ ವಾದ ದುರ್ಬಲ. ಕೆಲಸಕ್ಕೆ ಮೊದಲು ನೀವು ರೇಟು ಹೇಳಿದಂತೆ ಕಾಣುವುದಿಲ್ಲ. ನಿಮ್ಮ ಮೊದಲ ಮೆಸೇಜು ತೆಗೆದು ನೋಡಿ. "ಜಿಎಸ್‌ಟಿ ಕೆಲಸ ಎಲ್ಲಾ ಸೇರಿ" ಎಂದಿದ್ದರೆ ಇದು ಕೈಬಿಟ್ಟಂತೆಯೇ. ಹಾಗಿಲ್ಲದಿದ್ದರೆ ಕರಾರು ಕಾಯ್ದೆಯ 70ನೇ ಕಲಂ ಇದೆ: ಪುಕ್ಕಟೆ ಎಂದುಕೊಳ್ಳದೆ ಮಾಡಿದ ಕೆಲಸದ ಲಾಭ ಪಡೆದವರು ಅದಕ್ಕೆ ತಕ್ಕದ್ದು ಕೊಡಬೇಕು. ಆದರೆ ಸಿಗುವುದು ನ್ಯಾಯವಾದ ದರ, ನೀವು ಬರೆದ ಮೊತ್ತವೇ ಸಿಗಬೇಕೆಂದಿಲ್ಲ. ಉಡುಪಿಯಲ್ಲಿ ಬೇರೆಯವರು ಇದಕ್ಕೆ ಎಷ್ಟು ತೆಗೆದುಕೊಳ್ಳುತ್ತಾರೆಂದು ವಿಚಾರಿಸಿಡಿ.

ಆ ಮೆಸೇಜುಗಳಿರುವ ಫೋನನ್ನು ಎಕ್ಸ್‌ಚೇಂಜಿಗೆ ಹಾಕಬೇಡಿ. ಕೋರ್ಟಿಗೆ ಹೋದರೆ ಮೆಸೇಜಿನ ಪ್ರಿಂಟಿನ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಸರ್ಟಿಫಿಕೇಟ್ ಬೇಕು. ದಾವೆಗೆ 3 ವರ್ಷದ ಗಡುವು ಇದೆ. ಕೆಲಸ ಹಿಡಿಯುವ ಮೊದಲೇ ನಿಮ್ಮ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಆಗಿದ್ದರೆ ಬಡ್ಡಿಯೂ ಸೇರಿಸಿ ಕೇಳಬಹುದು. ಆ ಪ್ರಮಾಣಪತ್ರವನ್ನೂ ಹುಡುಕಿ.

ಈ ವಾರವೇ ಅವರಿಗೆ ಇಮೇಲ್ ಹಾಕಿ: ಬಾಕಿ ಇಷ್ಟು, 15 ದಿನದಲ್ಲಿ ಕೊಡಿ, ಇಲ್ಲವಾದರೆ ಮುಂದಿನ ತಿಂಗಳ ಫೈಲಿಂಗ್ ನಾನು ಮಾಡುವುದಿಲ್ಲ, ಡೇಟಾ ಯಾರಿಗೆ ಒಪ್ಪಿಸಬೇಕು ತಿಳಿಸಿ.