ಮೊದಲ ಸಲ ಪಿನ್ ಟ್ರೇಡಿಂಗ್‌ಗೆ ಹೋಗುವವರಿಗೆ: ಪುಸ್ತಕದಲ್ಲಿ ಏನಿರಬೇಕು, ಮೇಜಿನ ಮುಂದೆ ಏನು ನೋಡಬೇಕು

ಪಿನ್ ಟ್ರೇಡಿಂಗ್ ಅಂದ್ರೆ ಬಟ್ಟೆಗೆ ಚುಚ್ಚೋ ಬಣ್ಣದ ಲೋಹದ ಬಿಲ್ಲೆಗಳನ್ನು ಸಂಗ್ರಾಹಕರು ಒಂದು ಕಡೆ ಸೇರಿ ಅದಲುಬದಲು ಮಾಡ್ಕೊಳ್ಳೋದು. ಅವನ್ನು ಚುಚ್ಚಿಟ್ಟು ತರೋ ಆಲ್ಬಮ್ಮೇ ಪುಸ್ತಕ. ನೀವು ಕೇಳಿರೋದು ಮೂರು ಪ್ರಶ್ನೆ. ಕೈಲಿರೋದು 20 ಪಿನ್, ಅಷ್ಟು ಸಾಕಾ? ಒಳಗೆ ಹೋದ ಮೇಲೆ ಏನೇನು ನಡೆಯುತ್ತೆ? ನಕಲಿ ಪಿನ್ ತಗೊಂಡು ಬರದ ಹಾಗೆ ನೋಡ್ಕೊಳ್ಳೋದು ಹೇಗೆ?

20 ಧಾರಾಳ ಸಾಕು. ಆದರೆ ಆ 20ನ್ನು ಹೋಗೋ ಹಿಂದಿನ ದಿನವೇ ಎರಡು ಪಾಲು ಮಾಡಿ: ಕೊಡೋದಕ್ಕೆ ಒಪ್ಪಿಗೆ ಇರೋವು ಒಂದು ಕಡೆ, ಯಾವ ಕಾರಣಕ್ಕೂ ಕೊಡದೇ ಇರೋವು ಇನ್ನೊಂದು ಕಡೆ. ಎರಡನೇ ಪಾಲನ್ನು ಮನೆಯಲ್ಲೇ ಬಿಟ್ಟು ಹೋಗಿ. ಪುಸ್ತಕದಲ್ಲಿ ಕಾಣೋ ಪಿನ್ ಅಂದ್ರೆ ಕೊಡೋಕೆ ಇಟ್ಟಿರೋ ಪಿನ್ ಅಂತಲೇ ಎದುರಿನವರು ತಿಳ್ಕೊಳ್ತಾರೆ. ನಾಲ್ಕು ಜನ ಸುತ್ತ ನಿಂತಿರುವಾಗ ಒಬ್ಬರು ನಿಮ್ಮ ಪ್ರೀತಿಯ ಪಿನ್ ಮೇಲೆ ಬೆರಳಿಟ್ಟು, ಬದಲಿಗೆ ಮೂರು ಕೊಡ್ತೀನಿ ಅಂದ್ರೆ, ಮುಲಾಜಿಗೆ ಬಿದ್ದು ಹೂಂ ಅಂದುಬಿಡ್ತೀರಿ. ಹೊಸಬರು ಮನೆಗೆ ಬಂದ ಮೇಲೆ ಕೊರಗೋದು ನಕಲಿ ಪಿನ್‌ಗಿಂತ ಹೆಚ್ಚಾಗಿ ಹೀಗೆ ಕೈಬಿಟ್ಟ ಪಿನ್‌ಗೆ. ತೋರಿಸಲೇಬೇಕು ಅನ್ನಿಸಿದ್ರೆ ಫೋನಲ್ಲಿ ಫೋಟೊ ಇಟ್ಕೊಳ್ಳಿ. ಪುಸ್ತಕದಲ್ಲೇ ಇರಬೇಕು ಅಂದ್ರೆ ಕೊನೆಯ ಪುಟಕ್ಕೆ ಹಾಕಿ, ಪಕ್ಕದಲ್ಲಿ ‘ಕೊಡೋದಿಲ್ಲ’ ಅಂತ ಚೀಟಿ ಅಂಟಿಸಿ.

ಇನ್ನೊಂದು ವಿಷಯ ಈಗಲೇ ವಿಚಾರಿಸಿ: ಅದು ಯಾವ ಬಳಗದ ಕಾರ್ಯಕ್ರಮ? ಎಲ್ಲಾ ಕಡೆ ಎಲ್ಲಾ ಪಿನ್ ನಡೆಯೋದಿಲ್ಲ. ಒಲಿಂಪಿಕ್ಸ್ ಪಿನ್‌ನವರದ್ದು ಹಳೇ ಪರಂಪರೆ. 1896ರ ಅಥೆನ್ಸ್ ಕೂಟದಲ್ಲಿ ಆಟಗಾರರು, ಅಧಿಕಾರಿಗಳನ್ನು ಗುರುತಿಸೋಕೆ ಕೊಟ್ಟ ರಟ್ಟಿನ ಬಿಲ್ಲೆಗಳೇ ಅದರ ಮೂಲ. ಅವರು ರಾಷ್ಟ್ರೀಯ ಸಮಿತಿಗಳ ಪಿನ್, ಮಾಧ್ಯಮ ಸಂಸ್ಥೆಗಳ ಪಿನ್, ಪ್ರಾಯೋಜಕರ ಪಿನ್ ಅಂತ ವಿಂಗಡಿಸ್ತಾರೆ, ಇಸವಿ ಇರೋ ಪಿನ್‌ಗೆ ಹೆಚ್ಚು ಬೆಲೆ ಕೊಡ್ತಾರೆ. ಡಿಸ್ನಿ ಪಿನ್‌ನವರ ಅದಲುಬದಲು 1999ರಲ್ಲಿ ಅಲ್ಲಿನ ಪಾರ್ಕುಗಳಲ್ಲಿ ಶುರುವಾದದ್ದು. ಅವರಿಗೆ ಮುಖ್ಯ ಹಿಂಬದಿಯ ಹಕ್ಕುಸ್ವಾಮ್ಯದ ಗುರುತು. ಅಭಿಮಾನಿಗಳೇ ಮಾಡಿಸೋ ಫ್ಯಾಂಟಸಿ ಪಿನ್‌ಗೆ ಬೇರೆಯದೇ ಬಳಗ ಇದೆ, ಅವನ್ನು ಅಧಿಕೃತ ಬೋರ್ಡ್‌ಗಳಲ್ಲಿ, ಅಂದ್ರೆ ಬದಲಾಯಿಸೋದಕ್ಕೆ ಅಂತ ಆಯೋಜಕರು ಪಿನ್ ಚುಚ್ಚಿಟ್ಟ ಹಲಗೆಗಳಲ್ಲಿ, ತಗೊಳ್ಳೋದಿಲ್ಲ. ಆಯೋಜಕರ ನಿಯಮದ ಪುಟ ಓದಿ: ಯಾವ ಪಿನ್ ನಡೆಯುತ್ತೆ, ಹಣ ಕೊಟ್ಟು ಕೊಳ್ಳೋದಕ್ಕೆ ಮೇಜಿನ ಹತ್ತಿರ ಅವಕಾಶ ಇದೆಯಾ, ಚೀಲದ ಗಾತ್ರಕ್ಕೆ ಮಿತಿ ಇದೆಯಾ. ಕೆಲವು ಕಡೆ ಮೇಜಿನ ಮೇಲೆ ಹಣ ಕಂಡರೆ ಹೊರಗೆ ಕಳಿಸ್ತಾರೆ.

ಈಗ ಒಳಗಿನ ವಿಷಯ. ಸಾಮಾನ್ಯವಾಗಿ ಮೂರು ಜಾಗ ಇರುತ್ತೆ. ಒಂದು, ಉದ್ದ ಮೇಜುಗಳ ಮೇಲೆ ಪುಸ್ತಕ ತೆರೆದಿಟ್ಟು ಕೂತಿರೋ ಹಳಬರು. ಎರಡು, ಆಯೋಜಕರ ಬೋರ್ಡ್, ಅಥವಾ ಕತ್ತಿಗೆ ಲ್ಯಾನ್ಯಾರ್ಡ್, ಅಂದ್ರೆ ಪಿನ್ ಚುಚ್ಚಿದ ಪಟ್ಟಿ ಹಾಕ್ಕೊಂಡು ಓಡಾಡೋ ಸ್ವಯಂಸೇವಕರು. ಮೂರು, ಹೊಸ ಪಿನ್ ಮಾರೋ ಜಾಗ, ಅದರ ಮುಂದೆ ಸಾಲು.

ನೀವು ಎರಡನೆಯದರಿಂದ ಶುರು ಮಾಡಿ. ಬೋರ್ಡ್‌ನಲ್ಲಿ ಚೌಕಾಸಿ ಇಲ್ಲ, ಒಂದಕ್ಕೆ ಒಂದು, ನಿಮ್ಮ ಪಿನ್ ನಿಯಮಕ್ಕೆ ಹೊಂದಿದ್ರೆ ಆಯ್ತು. ಡಿಸ್ನಿ ಪಾರ್ಕಿನ ಪದ್ಧತಿಯನ್ನೇ ಹಲವರು ಅನುಸರಿಸ್ತಾರೆ: ಒಮ್ಮೆಗೆ ಒಂದೇ ಪಿನ್, ಒಬ್ಬ ಸಿಬ್ಬಂದಿ ಹತ್ತಿರ ಎರಡು ಸಲ ಮಾತ್ರ, ಅವರ ಲ್ಯಾನ್ಯಾರ್ಡ್‌ನಲ್ಲಿ ಈಗಾಗಲೇ ಇರೋ ಪಿನ್ ಕೊಡೋ ಹಾಗಿಲ್ಲ, ಕ್ಲಚ್, ಅಂದ್ರೆ ಪಿನ್ ಉದುರದ ಹಾಗೆ ಹಿಂದೆ ಸಿಕ್ಕಿಸೋ ಬಿರಡೆ, ಸಮೇತ ಕೊಡಬೇಕು. ಅವರ ಲ್ಯಾನ್ಯಾರ್ಡ್ ಮುಟ್ಟಬೇಡಿ. ಬೇಕಾದ್ದನ್ನು ಬೆರಳಿಂದ ತೋರಿಸಿ, ಅವರೇ ಬಿಚ್ಚಿ ಕೊಡ್ತಾರೆ. ಇಲ್ಲಿ ಎರಡು ಮೂರು ಪಿನ್ ಬದಲಾಯಿಸಿದ್ರೆ ಕೈ ಪಳಗುತ್ತೆ, ಆಮೇಲೆ ಮೇಜಿಗೆ ಹೋಗೋದಕ್ಕೆ ಹಿಂಜರಿಕೆ ಇರೋದಿಲ್ಲ.

ಮೇಜಿನಲ್ಲಿ ಹೀಗೆ ನಡೆಯುತ್ತೆ. ಒಬ್ಬರ ಪುಸ್ತಕವನ್ನು ಬೇರೆ ಯಾರೂ ನೋಡ್ತಿಲ್ಲದಾಗ ಹೋಗಿ, ‘ನೋಡಬಹುದಾ’ ಅಂತ ಕೇಳಿ. ಬೇರೆಯವರ ಮಾತುಕತೆ ನಡೀತಿದ್ರೆ ಅದು ಮುಗಿಯೋವರೆಗೆ ಕಾಯಿರಿ. ಮಧ್ಯೆ ಬಾಯಿ ಹಾಕಿ ‘ಅದಕ್ಕೆ ನಾನು ಇದು ಕೊಡ್ತೀನಿ’ ಅನ್ನೋದಕ್ಕಿಂತ ಕೆಟ್ಟ ನಡವಳಿಕೆ ಈ ಬಳಗದಲ್ಲಿ ಇನ್ನೊಂದಿಲ್ಲ. ನಿಮ್ಮ ಪುಸ್ತಕವನ್ನೂ ಅವರ ಮುಂದೆ ಇಡಿ. ಇಬ್ಬರೂ ಪುಟ ತಿರುವ್ತಾ ಬೇಕಾದ್ದನ್ನು ಹೇಳಿ, ಕೀಳಬೇಡಿ. ಇಷ್ಟ ಆದದ್ದನ್ನು ಅವರೇ ತೆಗೆದು ನಿಮ್ಮ ಅಂಗೈಗೆ ಹಾಕ್ತಾರೆ. ಆಗ ಅವಸರ ಮಾಡಬೇಡಿ. ಪಿನ್ ಪೂರ್ತಿ ನೋಡಿ ಮುಗಿಸೋವರೆಗೆ ‘ಆಯ್ತು’ ಅನ್ನಬೇಡಿ. ಎರಡೂ ಪಿನ್ ಎರಡು ಪುಸ್ತಕಕ್ಕೆ ಸೇರಿದ ಮೇಲೆ ವ್ಯವಹಾರ ಮುಗಿದ ಹಾಗೆ. ಹತ್ತು ನಿಮಿಷ ಬಿಟ್ಟು ಬಂದು ವಾಪಸ್ ಕೊಡಿ ಅನ್ನೋ ಪದ್ಧತಿ ಇಲ್ಲ.

ನೋಡೋದು ಅಂದ್ರೆ ಏನು ನೋಡಬೇಕು? ಮುಂಬದಿ ಎಲ್ಲರೂ ನೋಡ್ತಾರೆ. ನೀವು ಮೊದಲು ಅಂಚು ನೋಡಿ, ಆಮೇಲೆ ಹಿಂಬದಿ, ಕೊನೆಗೆ ಮುಂಬದಿ.

ಪಿನ್ನನ್ನು ಹೆಬ್ಬೆರಳು ತೋರುಬೆರಳ ನಡುವೆ ಅಂಚಿಗೆ ಹಿಡಿದು ನಿಧಾನಕ್ಕೆ ತಿರುಗಿಸಿ. ಒಳ್ಳೇ ಪಿನ್ನಿನ ಅಂಚು ನುಣುಪಾಗಿರುತ್ತೆ. ಸ್ಕ್ರ್ಯಾಪರ್ ಅಂತ ಕರೆಯೋ ಪಿನ್‌ಗಳು, ಅಂದ್ರೆ ಕಾರ್ಖಾನೆಯಲ್ಲಿ ತಿರಸ್ಕಾರವಾಗಿ ಕದ್ದು ಹೊರಬಂದವು ಇಲ್ಲವೇ ಅಚ್ಚು ನಕಲು ಮಾಡಿ ಹೊಡೆದವು, ಅಂಚಿನಲ್ಲೇ ಸಿಕ್ಕಿಬೀಳೋದು ಹೆಚ್ಚು: ಬೆರಳಿಗೆ ತರಚೋ ಮುಳ್ಳು, ಲೋಹ ಕತ್ತರಿಸಿದ ಜಾಗದಲ್ಲಿ ಸಣ್ಣ ಗಂಟು, ಮೆರುಗು ಹತ್ತದ ಪಟ್ಟೆ.

ಹಿಂಬದಿಯಲ್ಲಿ ಅಕ್ಷರ ನೋಡಿ. ಹಕ್ಕುಸ್ವಾಮ್ಯದ ಸಾಲು, ಒಟ್ಟು ಎಷ್ಟು ಮಾಡಿದ್ದಾರೆ ಅನ್ನೋ ಸಂಖ್ಯೆ ಚೂಪಾಗಿ ಓದೋ ಹಾಗಿರಬೇಕು. ನಕಲು ಅಚ್ಚಿನಲ್ಲಿ ಅಕ್ಷರದ ಮೂಲೆಗಳು ಕರಗಿದ ಹಾಗೆ ಕಾಣುತ್ತೆ. ಡಿಸ್ನಿ ಪಿನ್‌ಗಳ ಹಿಂದೆ ಸಣ್ಣ ಸಣ್ಣ ಮಿಕ್ಕಿ ತಲೆಗಳ ವಿನ್ಯಾಸ ಇದ್ರೆ, ಅದು ಅಂಚಿನವರೆಗೂ ಹೋಗಿದೆಯಾ, ಇಲ್ಲಾ ಸುತ್ತ ಚೌಕಟ್ಟು ಬಿಟ್ಟು ನಿಂತಿದೆಯಾ ಅಂತ ನೋಡೋ ಅಭ್ಯಾಸ ಇದೆ. ಚೌಕಟ್ಟು ಇದ್ರೆ ಅನುಮಾನ ಪಡಿ, ಆದರೆ ಅದೊಂದರಿಂದಲೇ ತೀರ್ಮಾನ ಮಾಡಬೇಡಿ. ಅಸಲಿ ಪಿನ್‌ಗಳಲ್ಲೂ ಕೆಲವಕ್ಕೆ ಚೌಕಟ್ಟಿದೆ. ಅಂಚು, ಅಕ್ಷರ, ಬಣ್ಣ, ಈ ಮೂರರಲ್ಲಿ ಎರಡು ತಪ್ಪಿದ್ರೆ ಬಿಟ್ಟುಬಿಡಿ.

ಕಂಬಿ, ಅಂದ್ರೆ ಬಟ್ಟೆಗೆ ಚುಚ್ಚೋ ಮೊನೆ, ನೋಡೋದನ್ನು ಹೊಸಬರು ಮರೆತೇಬಿಡ್ತಾರೆ. ಹಿಂದಿನ ಕಂಬಿಯನ್ನು ಉಗುರಿಂದ ಮೆಲ್ಲಗೆ ತಳ್ಳಿ. ಬುಡದಲ್ಲಿ ಅಲುಗಾಡಿದ್ರೆ ಬೆಸುಗೆ ಬಿಡ್ತಿದೆ ಅಂತ ಅರ್ಥ. ಸ್ವಲ್ಪ ಬಾಗಿದ ಕಂಬಿ ದೊಡ್ಡ ದೋಷ ಅಲ್ಲ. ಆದರೆ ಒಮ್ಮೆ ನೆಟ್ಟಗೆ ಮಾಡಿದ್ದನ್ನು ಮತ್ತೆ ಬಗ್ಗಿಸಿದ್ರೆ ಲೋಹ ದಣಿದು ಬುಡದಲ್ಲೇ ಮುರಿಯುತ್ತೆ.

ಕೊನೆಗೆ ಮುಂಬದಿ. ಫೋನಿನ ಟಾರ್ಚನ್ನು ನೇರ ಹಿಡಿಯದೆ ಓರೆಯಾಗಿ ಹಿಡಿದು ಪಿನ್ನನ್ನು ವಾಲಿಸಿ. ಪಿನ್ ಮೇಲಿನ ಬಣ್ಣದ ಲೇಪಕ್ಕೆ ಎನಾಮೆಲ್ ಅಂತಾರೆ. ಸಾಫ್ಟ್ ಎನಾಮೆಲ್ ಆದ್ರೆ ಬಣ್ಣ ತಗ್ಗಿನಲ್ಲಿ, ಲೋಹದ ಗೆರೆ ಎತ್ತರದಲ್ಲಿ ಇರುತ್ತೆ, ಬೆರಳಾಡಿಸಿದ್ರೆ ಏರಿಳಿತ ಗೊತ್ತಾಗುತ್ತೆ. ಹಾರ್ಡ್ ಎನಾಮೆಲ್ ಆದ್ರೆ ಎರಡನ್ನೂ ಸಮಕ್ಕೆ ಉಜ್ಜಿರ್ತಾರೆ, ಗಾಜಿನ ಹಾಗೆ ನುಣುಪು. ಎರಡರಲ್ಲಿ ಯಾವುದೂ ಕೀಳಲ್ಲ, ನಕಲಿಯ ಗುರುತೂ ಅಲ್ಲ. ಹುಡುಕಬೇಕಾದ್ದು ಬೇರೆ: ಹಾರ್ಡ್ ಎನಾಮೆಲ್‌ನಲ್ಲಿ ಗುಳಿ ಬಿದ್ದ ಜಾಗ, ಗುಳ್ಳೆ, ಗೆರೆ ದಾಟಿ ಹರಿದ ಬಣ್ಣ, ಮೂಲೆಯಲ್ಲಿ ಚಕ್ಕೆ ಎದ್ದದ್ದು. ಮೇಲೆ ಪಾರದರ್ಶಕ ಎಪಾಕ್ಸಿ ಹನಿ ಹಾಕಿದ ಪಿನ್ ಹಳೆಯದಾದ್ರೆ ಹಳದಿಗೆ ತಿರುಗಿರುತ್ತೆ. ಬಿಳಿ ಬಣ್ಣ ಇರೋ ಭಾಗ ನೋಡಿದ್ರೆ ತಕ್ಷಣ ತಿಳಿಯುತ್ತೆ. ಬಣ್ಣದ ಬಗ್ಗೆ ಅನುಮಾನ ಬಂದ್ರೆ ಅದೇ ಪಿನ್ ಇನ್ನೊಬ್ಬರ ಪುಸ್ತಕದಲ್ಲಿದೆಯಾ ನೋಡಿ, ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಎದ್ದು ಕಾಣುತ್ತೆ.

ಅನುಮಾನ ಇದೆ ಅಂತ ಎದುರಿನವರಿಗೆ ‘ಇದು ನಕಲಿ’ ಅನ್ನಬೇಕಾಗಿಲ್ಲ. ಎಷ್ಟೋ ಸಲ ಅವರಿಗೂ ಗೊತ್ತಿರೋದಿಲ್ಲ, ಅವರೂ ಯಾರ ಹತ್ತಿರವೋ ತಗೊಂಡಿರ್ತಾರೆ. ‘ಇವತ್ತು ಬೇಡ, ಥ್ಯಾಂಕ್ಸ್’ ಅಂದು ವಾಪಸ್ ಕೊಟ್ರೆ ಸಾಕು, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಆದರೆ ನಕಲಿ ಅಂತ ಗೊತ್ತಾದ ಪಿನ್ ನಿಮ್ಮ ಕೈಗೆ ಬಂದ್ರೆ ಅದನ್ನು ಮುಂದಿನವರಿಗೆ ದಾಟಿಸಬೇಡಿ, ಮಕ್ಕಳಿಗಂತೂ ಬೇಡವೇ ಬೇಡ. ಆ ಪಿನ್ ಸುತ್ತೋದು ನಿಮ್ಮ ಹತ್ತಿರ ನಿಲ್ಲಲಿ.

ಮಾತಿನ ಮಧ್ಯೆ ಬರೋ ಪದಗಳು ಕೆಲವೇ. ಎಲ್‌ಇ ಅಂದ್ರೆ ಸೀಮಿತ ಸಂಖ್ಯೆಯಲ್ಲಿ ಮಾಡಿದ್ದು. ಹಿಂದೆ ಎಲ್‌ಇ 500 ಅಂತಿದ್ರೆ ಒಟ್ಟು 500 ಮಾಡಿದ್ದಾರೆ ಅಂತ, ಅದು 500ನೇ ಪಿನ್ ಅಂತಲ್ಲ. ಎಲ್‌ಆರ್ ಸೀಮಿತ ಅವಧಿಗೆ ಬಿಟ್ಟದ್ದು, ಸಂಖ್ಯೆ ಹೇಳಿರೋದಿಲ್ಲ. ಓಇ ಅಂದ್ರೆ ಬೇಡಿಕೆ ಇರೋವರೆಗೂ ಮಾಡ್ತಾನೇ ಇರೋದು. ಐಎಸ್‌ಒ ಅಂದ್ರೆ ‘ಹುಡುಕ್ತಿದ್ದೀನಿ’. ಗ್ರೇಲ್ ಅಂದ್ರೆ ಅವರು ವರ್ಷಗಟ್ಟಲೆ ಹುಡುಕ್ತಿರೋ ಪಿನ್. ಟ್ರೇಡರ್ ಅಂದ್ರೆ ಮನುಷ್ಯರೂ ಆಗಬಹುದು, ಕೊಡೋಕೆ ಇಟ್ಟ ಪಿನ್ನೂ ಆಗಬಹುದು, ಸಂದರ್ಭ ನೋಡಿ ಅರ್ಥ ಮಾಡ್ಕೊಳ್ಳಿ.

ಯಾವುದಕ್ಕೆ ಯಾವುದು ಸರಿ ಅನ್ನೋ ಪ್ರಶ್ನೆಗೆ ಪಟ್ಟಿ ಯಾರ ಹತ್ತಿರವೂ ಇಲ್ಲ. ಸಾಮಾನ್ಯ ಲೆಕ್ಕ: ಓಇಗೆ ಓಇ ಒಂದಕ್ಕೊಂದು, ಎಲ್‌ಇಗೆ ಎಲ್‌ಇ, ಸಂಖ್ಯೆ ಹತ್ತಿರ ಹತ್ತಿರ ಇರಬೇಕು. ಎಲ್‌ಇ ಒಂದಕ್ಕೆ ಓಇ ಮೂರು ನಾಲ್ಕು ಕೊಡ್ತೀನಿ ಅಂದ್ರೆ ಹಳಬರು ಒಪ್ಪೋದು ಅಪರೂಪ, ಯಾಕಂದ್ರೆ ಅಂಥ ಪಿನ್ ಅವರ ಹತ್ತಿರ ರಾಶಿ ಇರುತ್ತೆ. ಆದರೆ ಸಂಖ್ಯೆ ಕಡಿಮೆ ಅಂದ ಮಾತ್ರಕ್ಕೆ ಬೇಡಿಕೆ ಇದೆ ಅಂತಲೂ ಅಲ್ಲ. ಯಾರಿಗೂ ಬೇಡದ ಪಾತ್ರದ ಎಲ್‌ಇ ಪುಸ್ತಕದಲ್ಲೇ ಕೂತಿರುತ್ತೆ, ಎಲ್ಲರಿಗೂ ಇಷ್ಟವಾದ ಪಾತ್ರದ ಓಇ ಐದು ನಿಮಿಷದಲ್ಲಿ ಕೈ ಬದಲಾಗುತ್ತೆ. ಮೊದಲ ಸಲ ನೀವು ಇಷ್ಟೇ ಕೇಳ್ಕೊಳ್ಳಿ: ಇದು ನನಗೆ ಅದಕ್ಕಿಂತ ಹೆಚ್ಚು ಇಷ್ಟವಾ? ಹೌದಾದ್ರೆ ಬದಲಾಯಿಸಿ.

ಎದುರಿಗೆ ಮಗು ಇದ್ರೆ ಮಗುವಿನ ಲೆಕ್ಕ ಬೇರೆ. ಅದಕ್ಕೆ ಮಿನುಗೋದು ಚಂದ, ಸಂಖ್ಯೆ ಗೊತ್ತಿರಲ್ಲ. ಅದರ ಪುಸ್ತಕದಲ್ಲಿ ಒಳ್ಳೇ ಎಲ್‌ಇ ಕಂಡರೆ ಜೊತೆಯಲ್ಲಿರೋ ದೊಡ್ಡವರಿಗೆ ಆ ಪಿನ್ ಏನು ಅಂತ ಹೇಳಿಯೇ ಮಾತು ಶುರು ಮಾಡಿ. ನೀವು ಹೊಸಬರು ಅಂತ ತಿಳಿದು ಯಾರಾದ್ರೂ ನಿಮ್ಮ ಒಳ್ಳೇ ಪಿನ್ನನ್ನು ಸಾಧಾರಣ ಪಿನ್‌ಗೆ ತಗೊಳ್ಳೋಕೆ ನೋಡಿದ್ರೆ, ‘ಒಂದು ಸುತ್ತು ಹಾಕ್ಕೊಂಡು ಬರ್ತೀನಿ’ ಅಂತ ಎದ್ದು ಹೋಗಿ. ‘ಈಗಲೇ ಹೇಳಿ, ಆಮೇಲೆ ಸಿಗಲ್ಲ’ ಅಂತ ಒತ್ತಾಯ ಮಾಡೋರ ಹತ್ತಿರ ತಗೊಳ್ಳದೇ ಇರೋದೇ ಒಳ್ಳೇದು.

ಮಾರಾಟದ ಸಾಲಿನ ಬಗ್ಗೆ ಒಂದೇ ಮಾತು: ಎಲ್‌ಇ ಪಿನ್‌ಗೆ ಹಲವು ಕಡೆ ಮೊದಲೇ ಹೆಸರು ಕೊಟ್ಟು ಲಾಟರಿ ಮೂಲಕ ಕೊಡ್ತಾರೆ, ಆ ದಿನ ಹೋಗಿ ನಿಂತ್ರೆ ಸಿಗೋದಿಲ್ಲ. ಕೊನೆ ದಿನಾಂಕ ಈಗಲೇ ನೋಡ್ಕೊಳ್ಳಿ.

ಸಾಮಾನು. ಪಿನ್ ಪುಸ್ತಕಕ್ಕೆ ಬಟ್ಟೆಯ ಪುಟ ಇರಲಿ, ಎರಡು ಪುಟದ ನಡುವೆ ತೆಳು ಫೆಲ್ಟ್ ಹಾಳೆ ಹಾಕಿ. ಇಲ್ಲಾಂದ್ರೆ ಒಂದು ಪುಟದ ಕ್ಲಚ್ ಇನ್ನೊಂದು ಪುಟದ ಎನಾಮೆಲ್ ಮೇಲೆ ಉಜ್ಜಿ ಗೀರು ಬೀಳುತ್ತೆ. ಪ್ಲಾಸ್ಟಿಕ್ ಜೇಬಿನ ಪುಟ ತಗೊಂಡ್ರೆ ಪಾಲಿಪ್ರೊಪಿಲೀನ್ ಇರಲಿ. ಮೆತ್ತನೆ ಪಿವಿಸಿ ಕಾಲಕ್ರಮೇಣ ಅಂಟು ಬಿಟ್ಟು ಲೋಹವನ್ನು ಮಂಕು ಮಾಡುತ್ತೆ.

ಕ್ಲಚ್ ವಿಷಯದಲ್ಲಿ ಒಂದು ಎಚ್ಚರಿಕೆ. ಎರಡು ರೆಕ್ಕೆ ಒತ್ತಿ ಬಿಡಿಸೋ ಲೋಹದ ಬಟರ್‌ಫ್ಲೈ ಕ್ಲಚ್ ನೂರಾರು ಸಲ ಒತ್ತಿಸಿಕೊಂಡ ಮೇಲೆ ಹಿಡಿತ ಕಳ್ಕೊಳ್ಳುತ್ತೆ. ರಬ್ಬರ್ ಕ್ಲಚ್ ನಿಲ್ಲೋದು ಬರೀ ಘರ್ಷಣೆಯಿಂದ, ಬಿಸಿಗೆ ಸಡಿಲಾಗುತ್ತೆ. ಪುಸ್ತಕದಲ್ಲಿರೋ ಪಿನ್‌ಗೆ ಇವೆರಡೂ ಸಾಕು, ಬೇಗ ಬಿಚ್ಚಬಹುದು. ಲ್ಯಾನ್ಯಾರ್ಡ್‌ಗೆ, ಟೋಪಿಗೆ, ಚೀಲಕ್ಕೆ ಹಾಕೋ ಪಿನ್‌ಗೆ ಮಾತ್ರ ಲಾಕಿಂಗ್ ಕ್ಲಚ್ ಹಾಕಿ, ಜನಜಂಗುಳಿಯಲ್ಲಿ ಉಜ್ಜಿ ಉದುರಿದ ಪಿನ್ ಮತ್ತೆ ಸಿಗೋದಿಲ್ಲ. ಸ್ಪ್ರಿಂಗ್ ಇರೋ ಲಾಕಿಂಗ್ ಕ್ಲಚ್ ಬಿಚ್ಚೋವಾಗ ಪಿನ್ ಎಳೀಬೇಡಿ, ಕ್ಲಚ್‌ನ ತಲೆಯನ್ನು ಹೊರಕ್ಕೆ ಎಳೆದ್ರೆ ಒಳಗಿನ ಹಿಡಿತ ತಾನೇ ಬಿಡುತ್ತೆ. ಗೊತ್ತಿಲ್ಲದೆ ಪಿನ್ನನ್ನೇ ಜಗ್ಗಿ ಕಂಬಿ ಬಗ್ಗಿಸೋರು ಬಹಳ. ಲ್ಯಾನ್ಯಾರ್ಡ್‌ನಲ್ಲಿ ಹತ್ತು ಹನ್ನೆರಡಕ್ಕಿಂತ ಹೆಚ್ಚು ಹಾಕಬೇಡಿ: 30 ಮಿ.ಮೀ. ಪಿನ್ ಒಂದಕ್ಕೆ ಸುಮಾರು 8 ಗ್ರಾಂ ಹಿಡಿದ್ರೂ 30 ಪಿನ್‌ಗೆ ಕಾಲು ಕೆಜಿ ಆಗುತ್ತೆ, ಇಡೀ ದಿನ ಕತ್ತಿಗೆ ಅದು ಭಾರ.

ಚೀಲದಲ್ಲಿ ಇವಿಷ್ಟು ಇರಲಿ: ಹೆಚ್ಚುವರಿ ಕ್ಲಚ್ 20, ಸಣ್ಣ ಜಿಪ್ ಚೀಲ ಹತ್ತು, ಮೆತ್ತನೆ ಬಟ್ಟೆ, 10 ಪಟ್ಟಿನ ಭೂತಗನ್ನಡಿ, ಪೆನ್ನು, ಅಂಟೋ ಚೀಟಿ. ಹುಡುಕ್ತಿರೋ ಪಿನ್‌ಗಳ ಫೋಟೊಗಳನ್ನು ಫೋನಲ್ಲಿ ಒಂದೇ ಆಲ್ಬಮ್‌ಗೆ ಹಾಕಿಡಿ, ಬಾಯಲ್ಲಿ ವರ್ಣಿಸಿ ಹೇಳೋದಕ್ಕಿಂತ ತೋರಿಸೋದು ಸಲೀಸು.

ಬೆಳಿಗ್ಗೆ ಬೋರ್ಡ್‌ಗಳಲ್ಲಿ ಆಯ್ಕೆ ಹೆಚ್ಚು. ಕೊನೆಯ ಒಂದು ಗಂಟೆಯಲ್ಲಿ ಮೇಜಿನವರು ಮೆತ್ತಗಾಗಿರ್ತಾರೆ, ಬೆಳಿಗ್ಗೆ ಆಗಲ್ಲ ಅಂದವರೇ ಕರೆದು ಕೊಡೋದೂ ಉಂಟು. ಆ ಹೊತ್ತಿಗೆ ಕೊಡೋ ಪಿನ್ ನಾಲ್ಕೈದಾದರೂ ಉಳಿಸ್ಕೊಂಡಿರಿ. ಬದಲಾಯಿಸಿಕೊಂಡದ್ದನ್ನು ಪುಸ್ತಕದ ಬೇರೆ ಪುಟಕ್ಕೆ ಅಥವಾ ಜಿಪ್ ಚೀಲಕ್ಕೆ ಆಗಲೇ ಹಾಕಿ. ಕೊಡೋ ಪಿನ್‌ಗಳ ನಡುವೆ ಬಿಟ್ರೆ ಸಂಜೆಯೊಳಗೆ ಅದನ್ನೂ ಯಾರೋ ಕೇಳ್ತಾರೆ.

ಮನೆಗೆ ಬಂದ ಮೇಲೆ, ಬದಲಾಯಿಸಿಕೊಂಡ ಪಿನ್‌ಗಳ ಫೋಟೊ ಇಲ್ಲಿ ಹಾಕಿ. ಅವುಗಳ ಹಿಂಬದಿಯದ್ದೂ ಹಾಕಿ, ಓರೆ ಬೆಳಕಲ್ಲಿ ತೆಗೆದದ್ದು. ಅನುಮಾನ ಇರೋದನ್ನು ಇಲ್ಲೇ ಎಲ್ಲರೂ ಸೇರಿ ನೋಡೋಣ.