ರಾಡ್ ಎತ್ತಿದವನು ಒಬ್ಬ, ಮಾತು ಕೇಳಿಸಿಕೊಂಡವರು ಹಲವರು

ಪ್ರಶ್ನೆ: ನನಗೆ 22 ವರ್ಷ, ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದೇನೆ. ಮೂರು ವಾರದ ಹಿಂದೆ ನಮ್ಮ ಮಹಡಿಯ ಹುಡುಗನೊಬ್ಬ ಕಬ್ಬಿಣದ ರಾಡ್‌ನಿಂದ ಇಬ್ಬರಿಗೆ ಹೊಡೆದ. ಒಬ್ಬ ಇನ್ನೂ ಆಸ್ಪತ್ರೆಯಲ್ಲಿದ್ದಾನೆ. ಹೊಡೆದವನು ಹೊರಗಿನಿಂದ ಬಂದವನು, ಮಾತನಾಡುವಾಗ ತೊದಲುತ್ತಿದ್ದ, ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ. ವಾಟ್ಸಾಪ್ ಗ್ರೂಪ್‌ನಲ್ಲಿ ಅವನ ತೊದಲನ್ನೇ ಮೀಮ್ ಮಾಡಿ ಹಾಕುತ್ತಿದ್ದರು. ನಾನು ಮಾಡಿಲ್ಲ, ಆದರೆ ನಗುವ ಇಮೋಜಿ ಒತ್ತಿದ್ದೇನೆ. ಘಟನೆಗೆ ಸುಮಾರು ಹತ್ತು ದಿನ ಮುಂಚೆ ವಾಶ್‌ಬೇಸಿನ್ ಹತ್ತಿರ ಸಿಕ್ಕಾಗ, "ಇನ್ನು ಸ್ವಲ್ಪ ದಿನ ಅಷ್ಟೆ, ಆಮೇಲೆ ಇವರ್ಯಾರೂ ನಗಲ್ಲ" ಅಂದಿದ್ದ. "ಬಿಡೋ, ತಲೆ ಕೆಡಿಸ್ಕೋಬೇಡ" ಅಂತ ಹೇಳಿ ಬಂದುಬಿಟ್ಟೆ. ಈಗ ವಿಚಾರಣೆ ನಡೆಯುತ್ತಿದೆ. "ಅವನೊಬ್ಬ ಹುಚ್ಚ, ನೀನು ಬಾಯಿ ಬಿಡಬೇಡ, ಗ್ರೂಪ್ ಡಿಲೀಟ್ ಮಾಡೋಣ" ಎನ್ನುತ್ತಾರೆ ಗೆಳೆಯರು. ನನಗೆ ನಿದ್ದೆಯಿಲ್ಲ. ಜೊತೆಗೆ, ನಮ್ಮಲ್ಲಿ ಇನ್ನೊಬ್ಬ ಮೌನಿ ಹುಡುಗನಿದ್ದಾನೆ, ಅವನನ್ನು ಈಗ "ನೆಕ್ಸ್ಟ್" ಎಂದು ಕರೆಯುತ್ತಿದ್ದಾರೆ. ತಪ್ಪು ನಮ್ಮದೂ ಇದೆಯಾ? ನಾನೇನು ಮಾಡಲಿ?

ಉತ್ತರ: ತಪ್ಪಿನ ಲೆಕ್ಕ ಸ್ವಲ್ಪ ತಡವಾದರೂ ನಡೆಯುತ್ತದೆ, ಗ್ರೂಪ್‌ನ ವಿಷಯ ತಡವಾದರೆ ಕೈತಪ್ಪುತ್ತದೆ. ಅದರಿಂದಲೇ ಶುರು ಮಾಡೋಣ. ಡಿಲೀಟ್ ಮಾಡಬೇಡಿ, ಗ್ರೂಪ್ ಬಿಟ್ಟು ಹೊರಗೂ ಬರಬೇಡಿ. ತಾನಾಗಿಯೇ ಸಂದೇಶ ಅಳಿಸುವ ಟೈಮರ್ ಹಾಕಿದ್ದಾರೆಯೇ ಎಂದು ಗ್ರೂಪ್ ಸೆಟ್ಟಿಂಗ್ಸ್‌ನಲ್ಲಿ ನೋಡಿ. ಅದು 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಇರುತ್ತದೆ, ಯಾರೋ ಹಿಂದೆ ಎಂದೋ ಹಾಕಿಟ್ಟು ಮರೆತಿರಬಹುದು. 'ಎಕ್ಸ್‌ಪೋರ್ಟ್ ಚಾಟ್' ಒತ್ತಿ, ಚಿತ್ರಗಳ ಸಮೇತ ಒಂದು ಪ್ರತಿ ತೆಗೆದಿಡಿ. ಬೇಕಾದ ಸಾಲುಗಳ ಸ್ಕ್ರೀನ್‌ಶಾಟ್ ಸಾಲದು. ಹಿಂದುಮುಂದಿಲ್ಲದ ಸ್ಕ್ರೀನ್‌ಶಾಟ್ ನೋಡಿದವರು ಮೊದಲು ಕೇಳುವುದೇ "ಉಳಿದದ್ದೆಲ್ಲಿ?" ಎಂದು. ನಿಮ್ಮ ಇಮೋಜಿಗಳೂ ಅದರಲ್ಲಿದ್ದರೆ, ಇರಲಿ. ನಿಮಗೆ ಮುಜುಗರವಾಗುವ ಭಾಗವನ್ನು ಮಾತ್ರ ತೆಗೆದು ಕೊಟ್ಟರೆ ಉಳಿದದ್ದನ್ನೂ ಯಾರೂ ನಂಬುವುದಿಲ್ಲ. ಆ ಪ್ರತಿಯನ್ನು ವಿಚಾರಣೆಯವರಿಗೆ ಬಿಟ್ಟು ಮತ್ತೊಬ್ಬರಿಗೆ ಕಳಿಸಬೇಡಿ.

ಎರಡನೆಯ ಕೆಲಸ ಬರವಣಿಗೆ. ಗೆಳೆಯರ ಜೊತೆ ಈ ವಿಷಯ ಮತ್ತೊಮ್ಮೆ ಮಾತನಾಡುವ ಮುಂಚೆ, ಒಬ್ಬರೇ ಕುಳಿತು ಬರೆಯಿರಿ. ಹತ್ತು ಜನ ಸೇರಿ ಒಂದೇ ಘಟನೆಯನ್ನು ನಾಲ್ಕು ಸಲ ಮಾತನಾಡಿಕೊಂಡರೆ ಒಬ್ಬರ ನೆನಪು ಇನ್ನೊಬ್ಬರದಕ್ಕೆ ಅಂಟಿಕೊಳ್ಳುತ್ತದೆ. ಕೊನೆಗೆ ಯಾವುದು ಕಂಡದ್ದು, ಯಾವುದು ಕೇಳಿದ್ದು ಎಂದು ನಿಮಗೇ ಗೊತ್ತಾಗುವುದಿಲ್ಲ. ಹಾಳೆಯನ್ನು ಮೂರು ಭಾಗ ಮಾಡಿಕೊಳ್ಳಿ: ನಾನೇ ಕಂಡದ್ದು ಮತ್ತು ಕೇಳಿದ್ದು, ಬೇರೆಯವರು ನನಗೆ ಹೇಳಿದ್ದು, ಆಮೇಲೆ ನನಗೆ ಅನ್ನಿಸಿದ್ದು. ವಾಶ್‌ಬೇಸಿನ್ ಹತ್ತಿರದ ಮಾತನ್ನು ಅವನಾಡಿದಂತೆಯೇ ಬರೆಯಿರಿ, "ಬೆದರಿಕೆ ಹಾಕಿದ" ಎಂದು ಬರೆಯಬೇಡಿ. ಅದು ಬೆದರಿಕೆಯೋ ಅಲ್ಲವೋ ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ದಿನ ಖಚಿತವಿಲ್ಲದಿದ್ದರೆ "ಆ ಪರೀಕ್ಷೆಯ ಹಿಂದಿನ ದಿನವೋ, ಅದಕ್ಕೂ ಮುಂಚೆಯೋ" ಎಂದರೂ ಸರಿ. ನಿಮ್ಮ ಉತ್ತರವನ್ನೂ ಬರೆಯಿರಿ. ಕೆಳಗೆ ತಾರೀಖು, ಸಹಿ ಹಾಕಿ. ವಿಚಾರಣೆಯವರು ಕರೆಯಲಿ ಎಂದು ಕಾಯದೆ, ನೀವೇ ಸಮಯ ಕೇಳಿ ಹೋಗಿ. ನಿಮ್ಮ ಮೇಲೇ ಏನಾದರೂ ಬರಬಹುದೆಂಬ ಅಳುಕಿದ್ದರೆ ಮೊದಲು ಒಬ್ಬ ವಕೀಲರೊಡನೆ ಮಾತನಾಡಿ. ಅದು ನಿಮ್ಮ ಹಕ್ಕು, ತಪ್ಪಿಸಿಕೊಳ್ಳುವ ದಾರಿಯಲ್ಲ.

ಇನ್ನು "ಹುಚ್ಚ, ಅಷ್ಟೆ" ಎಂಬ ಮಾತು. ಹಾಗೆಂದುಬಿಟ್ಟರೆ ಎಲ್ಲರಿಗೂ ಆರಾಮ, ಯಾರೂ ಏನೂ ಯೋಚಿಸಬೇಕಿಲ್ಲ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ಅಮೆರಿಕದಲ್ಲಿ 2000ದಿಂದ 2013ರವರೆಗೆ ಸಾರ್ವಜನಿಕ ಸ್ಥಳಗಳಲ್ಲಿ ಗುಂಡು ಹಾರಿಸಿದ 63 ಜನರ ಬಗ್ಗೆ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ 2018ರಲ್ಲಿ ವರದಿ ಪ್ರಕಟಿಸಿತು. ಕೃತ್ಯಕ್ಕೆ ಮುಂಚೆ ಮಾನಸಿಕ ಕಾಯಿಲೆ ಪತ್ತೆಯಾಗಿದ್ದು ಖಚಿತವಾದದ್ದು ಅವರಲ್ಲಿ ಕಾಲುಭಾಗದಷ್ಟು ಜನರಿಗೆ ಮಾತ್ರ. ಆದರೆ ಸುತ್ತಲಿನವರು ಒಬ್ಬೊಬ್ಬರಲ್ಲೂ ಸರಾಸರಿ ನಾಲ್ಕೈದು ಕಳವಳದ ವರ್ತನೆಗಳನ್ನು ಗಮನಿಸಿದ್ದರು. ಗಮನಿಸಿ ಏನು ಮಾಡಿದರು? 83% ಪ್ರಕರಣಗಳಲ್ಲಿ ಯಾರಾದರೊಬ್ಬರು ಅವನೊಡನೆಯೇ ಮಾತನಾಡಿದ್ದರು, 54%ರಲ್ಲಿ ನೋಡಿಯೂ ಸುಮ್ಮನಿದ್ದವರಿದ್ದರು, ಪೊಲೀಸರವರೆಗೆ ವಿಷಯ ಹೋದದ್ದು 41%ರಲ್ಲಿ. ಒಂದೇ ಪ್ರಕರಣದಲ್ಲಿ ಮೂರೂ ಇರಬಹುದಾದ್ದರಿಂದ ಇವನ್ನು ಕೂಡಿಸಿ ನೋಡಬೇಡಿ. ನಿಮ್ಮ "ಬಿಡೋ, ತಲೆ ಕೆಡಿಸ್ಕೋಬೇಡ" ಆ ಮೊದಲ ಗುಂಪಿಗೆ ಸೇರುತ್ತದೆ. ಹೆಚ್ಚಿನ ಪ್ರಕರಣಗಳಲ್ಲಿ ನಡೆದದ್ದೂ ಅದೇ, ಹಲವು ಸಲ ವಿಷಯ ಅಲ್ಲಿಗೇ ನಿಲ್ಲುತ್ತದೆ.

ಶಾಲೆಗಳ ಕಥೆ ಇನ್ನೂ ಸ್ಪಷ್ಟ. 1974ರಿಂದ 2000ದವರೆಗಿನ 37 ದಾಳಿಗಳನ್ನು ಅಮೆರಿಕದ ಸೀಕ್ರೆಟ್ ಸರ್ವಿಸ್ (ಅಧ್ಯಕ್ಷರ ಭದ್ರತೆ ನೋಡಿಕೊಳ್ಳುವ ಸಂಸ್ಥೆ) ಮತ್ತು ಶಿಕ್ಷಣ ಇಲಾಖೆ ಪರಿಶೀಲಿಸಿ 2002ರಲ್ಲಿ ವರದಿ ಕೊಟ್ಟವು. 81% ದಾಳಿಗಳ ಸುಳಿವು ಕನಿಷ್ಠ ಒಬ್ಬರಿಗೆ ಮೊದಲೇ ಇತ್ತು, ಒಬ್ಬರಿಗಿಂತ ಹೆಚ್ಚು ಜನಕ್ಕೆ ಗೊತ್ತಿದ್ದದ್ದು 59%ರಲ್ಲಿ. ಗೊತ್ತಿದ್ದವರು ಬಹುತೇಕ ಓರಗೆಯವರೇ: ಗೆಳೆಯರು, ಸಹಪಾಠಿಗಳು, ಒಡಹುಟ್ಟಿದವರು. ಬಾಯಿ ಬಿಟ್ಟಾಗ ಏನಾಗುತ್ತದೆ ಎನ್ನುವುದಕ್ಕೂ ದಾಖಲೆಯಿದೆ. ಅದೇ ಸೀಕ್ರೆಟ್ ಸರ್ವಿಸ್ 2021ರಲ್ಲಿ, ನಡೆಯದೆ ತಪ್ಪಿಹೋದ 67 ಸಂಚುಗಳನ್ನು ಪರಿಶೀಲಿಸಿತು. ಅಲ್ಲಿ ಸುಳಿವು ಮುಟ್ಟಿಸಿದವರಲ್ಲೂ ಓರಗೆಯವರೇ ಮುಂದಿದ್ದರು.

ಹಾಗಾದರೆ ನೀವೇಕೆ ಸುಮ್ಮನಿದ್ದಿರಿ? ನೀವು ಕೆಟ್ಟವರೆಂದಲ್ಲ. 1968ರಲ್ಲಿ ಮನಶ್ಶಾಸ್ತ್ರಜ್ಞರಾದ ಜಾನ್ ಡಾರ್ಲಿ ಮತ್ತು ಬಿಬ್ ಲ್ಯಾಟನೆ ಮಾಡಿದ ಪ್ರಯೋಗವೊಂದಿದೆ. ಇಂಟರ್‌ಕಾಮ್‌ನಲ್ಲಿ ಮಾತನಾಡುತ್ತಿದ್ದ ವ್ಯಕ್ತಿಗೆ ಇದ್ದಕ್ಕಿದ್ದಂತೆ ಫಿಟ್ಸ್ ಬಂದಂತೆ ಕೇಳಿಸುತ್ತದೆ. ಕೇಳುತ್ತಿರುವವನು ತಾನೊಬ್ಬನೇ ಎಂದುಕೊಂಡವರಲ್ಲಿ 85% ಜನ ಆ ಮಾತು ನಿಲ್ಲುವ ಮುಂಚೆಯೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಹಾಗೆ ಎದ್ದವರು 31%. ನಿಮ್ಮ ಗ್ರೂಪ್‌ನಲ್ಲಿ ಎಷ್ಟು ಜನರಿದ್ದರು? ಅಷ್ಟೂ ಜನ "ಇದು ಜಾಸ್ತಿಯಾಯ್ತು ಅಂತ ಇನ್ಯಾರಾದ್ರೂ ಹೇಳ್ತಾರೆ" ಎಂದುಕೊಂಡಿದ್ದರೆ ಹೇಳುವವರು ಯಾರೂ ಉಳಿಯುವುದಿಲ್ಲ. ಮೀಮ್ ಹಾಕಿದವನಿಗೆ ಕಂಡದ್ದು ಇಮೋಜಿಗಳ ಸಾಲು. ಅವನಿಗೆ ಅದು ಒಪ್ಪಿಗೆ, ಗ್ರೂಪ್‌ನಲ್ಲೇ ಇದ್ದು ನೋಡುತ್ತಿದ್ದ ಆ ಹುಡುಗನಿಗೂ ಅದು ಒಪ್ಪಿಗೆಯೇ.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಹೊಡೆದ ಹೊಣೆ ಪೂರ್ತಿ ಅವನದು. ತೊದಲಿನಿಂದಾಗಿ ನಗೆಪಾಟಲಾದ ಅಸಂಖ್ಯಾತ ಜನ ಯಾರಿಗೂ ರಾಡ್ ಎತ್ತಿಲ್ಲ. ಗೇಲಿ ಮಾಡಿದ ಹೊಣೆ ಗೇಲಿ ಮಾಡಿದವರದು, ಮಹಡಿಯ ಮೇಲೆ ಏನು ನಡೆಯುತ್ತಿದೆಯೆಂದು ಕೇಳದ ಹೊಣೆ ವಾರ್ಡನ್‌ದು, ಮೊದಲ ದೂರಿಗೇ ಕಿವಿಗೊಡದಿದ್ದರೆ ಆಡಳಿತದ್ದು. ಹೊಣೆಯೇನು ಆಸ್ತಿಯಲ್ಲ, ಒಬ್ಬರಿಗೆ ಪಾಲು ಹೋದರೆ ಇನ್ನೊಬ್ಬರದು ಕರಗಲು. ನಿಮ್ಮದು ಎರಡು: ಒತ್ತಿದ ಇಮೋಜಿ, ಮುಟ್ಟಿಸದ ಮಾತು. ಅಷ್ಟನ್ನು ಒಪ್ಪಿಕೊಳ್ಳಿ. "ನಾನು ಹೇಳಿದ್ದರೆ ಇದು ನಡೆಯುತ್ತಲೇ ಇರಲಿಲ್ಲ" ಎಂಬುದನ್ನು ಮಾತ್ರ ಹೊತ್ತುಕೊಳ್ಳಬೇಡಿ, ಅದು ಯಾರಿಗೂ ಗೊತ್ತಿಲ್ಲದ ಸಂಗತಿ. ಫಲಿತಾಂಶ ಗೊತ್ತಾದ ಮೇಲೆ ಅದು ಮೊದಲೇ ಕಾಣುವಂತಿತ್ತು ಎಂದು ಮನಸ್ಸು ತಾನೇ ನಂಬಿಸಿಕೊಳ್ಳುತ್ತದೆ, ಮನಶ್ಶಾಸ್ತ್ರಜ್ಞ ಬಾರೂಕ್ ಫಿಶ್‌ಹಾಫ್ 1975ರಲ್ಲೇ ಇದನ್ನು ತೋರಿಸಿದ್ದಾರೆ. ಅಂಥ ಮಾತಾಡಿದವರಲ್ಲಿ ಬಹುಪಾಲು ಜನ ಏನೂ ಮಾಡುವುದಿಲ್ಲ.

"ನೆಕ್ಸ್ಟ್" ಎನಿಸಿಕೊಂಡ ಹುಡುಗನ ವಿಷಯ ಎಲ್ಲಕ್ಕಿಂತ ತುರ್ತಿನದು. ಮೂರು ವಾರದಲ್ಲೇ ನಿಮ್ಮ ಮಹಡಿ ಹೊಸಬನೊಬ್ಬನನ್ನು ಹುಡುಕಿಕೊಂಡಿದೆ ನೋಡಿ! ದಾಳಿ ಮಾಡುವವನ ಚಹರೆ ಹೀಗೇ ಇರುತ್ತದೆ ಎಂದು ಹೇಳಲು ಆಗುವುದಿಲ್ಲ ಎಂಬುದು 2002ರ ವರದಿಯ ಮುಖ್ಯ ತೀರ್ಮಾನಗಳಲ್ಲೊಂದು. ಮೌನ ಲಕ್ಷಣವಲ್ಲ, ಒಂಟಿತನವೂ ಅಲ್ಲ. ನೋಡಬೇಕಾದದ್ದು ಬದಲಾವಣೆಯನ್ನು. ಒಬ್ಬ ವ್ಯಕ್ತಿಯ ಮೇಲೋ ಒಂದು ಅನ್ಯಾಯದ ಮೇಲೋ ದಿನವಿಡೀ ಅದೇ ಧ್ಯಾನ, ಹಿಂದಿನ ದಾಳಿಕೋರರ ಬಗ್ಗೆ ಮೆಚ್ಚುಗೆ, ಆಯುಧ ಹೊಂದಿಸುವುದು, ಯಾರು ಯಾವಾಗ ಎಲ್ಲಿರುತ್ತಾರೆಂದು ವಿಚಾರಿಸುವುದು, ಇದ್ದಕ್ಕಿದ್ದಂತೆ ಸಾಮಾನು ಹಂಚಿ ವಿದಾಯದ ಮಾತಾಡುವುದು, "ಇನ್ನು ಬೇರೆ ದಾರಿಯೇ ಇಲ್ಲ" ಎನ್ನುವುದು. ಕೊನೆಯ ಎರಡು ಆತ್ಮಹತ್ಯೆಯ ಸುಳಿವೂ ಹೌದು. ಇಂಥವರಲ್ಲಿ ಹಲವರು ಮೊದಲು ತಮ್ಮನ್ನೇ ಮುಗಿಸಿಕೊಳ್ಳಲು ಯೋಚಿಸಿರುತ್ತಾರೆ. ಇವ್ಯಾವೂ ಇಲ್ಲದಿದ್ದರೆ ಅವನ ವಿಷಯದಲ್ಲಿ ದೂರು ಕೊಡಲು ಏನೂ ಇಲ್ಲ. ಕೊಡಬೇಕಾದ ದೂರು ಆ ಅಡ್ಡಹೆಸರಿನ ಮೇಲೆ.

ಅವನೊಡನೆ ಮಾತನಾಡಿ, ಗುಂಪು ಕಟ್ಟಿಕೊಂಡು ಹೋಗಬೇಡಿ. ಎದುರು ಕೂತು ವಿಚಾರಿಸುವುದಕ್ಕಿಂತ ಜೊತೆಗೆ ನಡೆಯುತ್ತಾ ಮಾತಾಡುವುದು ಸುಲಭ. "ಯಾಕೆ ಹೀಗಿರ್ತೀಯ?" ಬೇಡ. "ಗ್ರೂಪ್‌ನಲ್ಲಿ ನಿನ್ನ ಬಗ್ಗೆ ಹಾಕಿದ್ದನ್ನ ನೋಡ್ದೆ, ಅದು ಸರಿಯಿಲ್ಲ ಅಂತ ನಾನು ಅಲ್ಲೇ ಹೇಳ್ತೀನಿ" ಎನ್ನಿ, ಹೇಳಿಯೂ ಬಿಡಿ. ಗ್ರೂಪ್‌ನಲ್ಲಿ ಉಪನ್ಯಾಸ ಬೇಕಿಲ್ಲ. "ಈ ಹೆಸರು ನಿಲ್ಲಿಸಿ" ಎಂದು ಒಂದೇ ಸಾಲು ಬರೆದು, ಮೊದಲೇ ಮಾತಾಡಿಟ್ಟುಕೊಂಡ ಒಬ್ಬನಿಂದ ತಕ್ಷಣ "ಹೌದು" ಹಾಕಿಸಿ. ಒಂಟಿ ಧ್ವನಿಯನ್ನು ಗುಂಪು ನಕ್ಕು ತಳ್ಳುತ್ತದೆ, ಎರಡನೆಯದು ಬಂದಾಗ ಹಿಂಜರಿಯುತ್ತದೆ. ಆ ಹುಡುಗನಿಗೆ ದೊಡ್ಡ ಸ್ನೇಹದ ಮಾತು ಕೊಡಬೇಡಿ. ಎರಡು ದಿನ ಅಕ್ಕರೆ ತೋರಿಸಿ ಮೂರನೆಯ ದಿನ ಮರೆತರೆ ಮೊದಲಿಗಿಂತ ಹೆಚ್ಚು ನೋವು. ವಾರಕ್ಕೊಮ್ಮೆ ಒಟ್ಟಿಗೆ ಓದುವುದಾದರೂ ಸಾಕು, ತಪ್ಪಿಸದೆ ಮಾಡಿ.

ಮುಂದೆ ಎಂದಾದರೂ ಯಾರಾದರೂ ವಾಶ್‌ಬೇಸಿನ್ ಹತ್ತಿರದಂಥ ಮಾತಾಡಿದರೆ, ನೇರವಾಗಿ ಕೇಳಿ: "ಯಾರಿಗಾದ್ರೂ ಏನಾದ್ರೂ ಮಾಡ್ಬೇಕು ಅಂತಿದೀಯಾ? ನಿನಗೆ ನೀನೇ?" ಕೇಳಿದರೆ ತಲೆಯಲ್ಲಿ ಇಲ್ಲದ್ದು ಹುಟ್ಟುತ್ತದೆ ಎಂಬ ಭಯ ಬೇಡ. "ಯಾರಿಗೂ ಹೇಳಲ್ಲ" ಎಂದು ಮಾತ್ರ ಮಾತು ಕೊಡಬೇಡಿ. "ಅಪಾಯ ಅನ್ನಿಸಿದ್ರೆ ಹೇಳ್ತೀನಿ, ಹೇಳೋಕೆ ಮುಂಚೆ ನಿನಗೆ ತಿಳಿಸ್ತೀನಿ" ಎನ್ನಿ. ಕೈಯಲ್ಲಿ ಆಯುಧವಿದ್ದರೆ, ಅಥವಾ ದಿನ, ಜಾಗ, ಹೆಸರು ಹೇಳಿದರೆ ತಿಳಿಸುತ್ತಾ ಕೂರಬೇಡಿ. ದೂರ ಸರಿದು ಪೊಲೀಸರಿಗೆ ಕರೆ ಮಾಡಿ.

ಸಂಸ್ಥೆಯಿಂದಲೂ ಒಂದು ಬೇಡಿಕೆ ಇಡಿ, ನಿಮ್ಮೊಡನೆ ಇನ್ನೂ ನಾಲ್ಕು ಸಹಿ ಇದ್ದರೆ ಒಳ್ಳೆಯದು. ದೂರು ತರಲು ಒಂದೇ ಜಾಗ, ಅದನ್ನು ನೋಡಲು ಆಡಳಿತ, ಬೋಧಕರು, ಆಪ್ತ ಸಮಾಲೋಚಕರು, ಭದ್ರತೆ ಹೀಗೆ ಬೇರೆಬೇರೆ ಕಡೆಯ ಮೂರರಿಂದ ಐದು ಜನರ ತಂಡ. ಏಕೆಂದರೆ ತುಣುಕುಗಳು ಚೆದುರಿರುತ್ತವೆ: ಮಾತು ಕೇಳಿದ್ದು ನೀವು, ಗೈರುಹಾಜರಿ ಕಂಡದ್ದು ಅಧ್ಯಾಪಕರು, ಜಗಳ ಕಂಡದ್ದು ಕಾವಲಿನವರು. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ನಡೆದ ಹತ್ಯಾಕಾಂಡದ ತನಿಖಾ ಸಮಿತಿ ಬೆರಳಿಟ್ಟು ತೋರಿಸಿದ್ದೂ ಇದನ್ನೇ. ಬೇರೆಬೇರೆ ವಿಭಾಗಗಳಿಗೆ ಗೊತ್ತಿದ್ದದ್ದು ಒಂದೆಡೆ ಸೇರಲೇ ಇಲ್ಲ, ಖಾಸಗಿತನದ ಕಾನೂನು ಅಡ್ಡಬರುತ್ತದೆಂದು ತಪ್ಪು ತಿಳಿದವರೂ ಇದ್ದರು. ಇನ್ನೊಂದು: ಅಮಾನತು ಮಾಡಿ ಕೈತೊಳೆದುಕೊಳ್ಳುವುದು ಸುರಕ್ಷತೆಯಲ್ಲ. ಹೊರಗಟ್ಟಿದವನಿಗೆ ಹೊಸ ದ್ವೇಷ ಸಿಗುತ್ತದೆ, ಅವನ ಮೇಲೆ ಕಣ್ಣಿಡುವವರು ಇಲ್ಲವಾಗುತ್ತಾರೆ. ಹೊರಗೆ ಕಳಿಸಲೇಬೇಕಾದರೂ, ಅವನ ಸಂಪರ್ಕದಲ್ಲಿ ಯಾರಿರುತ್ತಾರೆ ಎಂಬುದು ಆದೇಶದಲ್ಲೇ ಇರಬೇಕು.

ಪೆಟ್ಟು ತಿಂದವರನ್ನು ನೋಡಲು ಹೋಗುವುದಾದರೆ ಮನೆಯವರನ್ನು ಕೇಳಿ ಹೋಗಿ. ಅಲ್ಲಿ "ಅವನ ಪಾಡೂ ಯೋಚಿಸಿ" ಎನ್ನಬೇಡಿ, ನಿಮ್ಮ ಪಶ್ಚಾತ್ತಾಪ ಹಗುರ ಮಾಡಿಕೊಳ್ಳುವ ಜಾಗವೂ ಅದಲ್ಲ. ಮೀಮ್ ಹಾಕಿದವರಲ್ಲಿ ಇವರೂ ಇದ್ದಿರಬಹುದು. ಇದ್ದರೂ ತಲೆಗೆ ರಾಡ್ ಬೀಳಬೇಕಾದ ತಪ್ಪಲ್ಲ ಅದು. ಹೊಡೆದವನಿಗೆ ಪತ್ರ ಬರೆಯುವ ಆಸೆಯಾದರೆ ಈಗ ಬೇಡ. ನೀವು ಸಾಕ್ಷಿ ಹೇಳಬೇಕಾದವರು, ನೇರ ಸಂಪರ್ಕ ಇಬ್ಬರಿಗೂ ತೊಂದರೆ ತಂದೀತು.

ನಿಮ್ಮ ನಿದ್ದೆಯ ವಿಷಯ. ಮೂರು ವಾರ ನಿದ್ದೆಗೆಟ್ಟದ್ದು ಇಂಥ ಘಟನೆಯ ನಂತರ ಅಸಹಜವೇನಲ್ಲ. ಆದರೆ ಒಂದು ತಿಂಗಳು ದಾಟಿದರೂ ಅದೇ ದೃಶ್ಯ ಮರುಕಳಿಸುತ್ತಿದ್ದರೆ, ಆ ಕಾರಿಡಾರ್ ತಪ್ಪಿಸಿ ಓಡಾಡುತ್ತಿದ್ದರೆ, ಸಣ್ಣ ಸದ್ದಿಗೂ ಬೆಚ್ಚುತ್ತಿದ್ದರೆ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ಸಾಯುವ ಯೋಚನೆ ಬಂದರೆ ತಿಂಗಳು ಕಾಯಬೇಡಿ, ಅಂದೇ ಹೋಗಿ. ಬರೆದಿಟ್ಟ ಆ ಹಾಳೆಯ ಒಂದು ಪ್ರತಿ ಜೊತೆಗಿರಲಿ, ಎಲ್ಲವನ್ನೂ ಮತ್ತೆ ಮೊದಲಿನಿಂದ ಬಾಯಲ್ಲಿ ಹೇಳುವ ಕಷ್ಟ ತಪ್ಪುತ್ತದೆ.