ಪೋಲೋ ಜಿಟಿಯೋ ಬಲೆನೊ ಆರ್‌ಎಸ್ಸೋ: ಬಿಸಿ ಎಂಜಿನ್ ನೋಡಿ ಗಾಡಿ ಕೊಂಡವನ ಉತ್ತರ

ನಾಲ್ಕು ಲಕ್ಷ ರೂಪಾಯಿಯಲ್ಲಿ ಫೋಕ್ಸ್‌ವ್ಯಾಗನ್‌ನ ಹಳೆಯ ಪೋಲೋ ಜಿಟಿ ಟಿಎಸ್‌ಐ ಕೊಳ್ಳುವುದೋ ಮಾರುತಿಯ ಬಲೆನೊ ಆರ್‌ಎಸ್ ಕೊಳ್ಳುವುದೋ ಎಂದು ಕೇಳಿದ್ದೀರಿ. ಅದರ ಜೊತೆಗೆ, ಕೊಲ್ಹಾಪುರದವರೊಬ್ಬರು ತಮ್ಮ ಪೋಲೋವನ್ನು ತಾವೇ ಬೆಳಗಾವಿಗೆ ಓಡಿಸಿಕೊಂಡು ಬಂದು ತೋರಿಸುವುದಾಗಿ ಹೇಳಿದ್ದಾರೆ, ಒಳ್ಳೆಯ ಮನುಷ್ಯರಂತೆ ಕಾಣುತ್ತಾರೆ ಎಂದೂ ಬರೆದಿದ್ದೀರಿ. ನಿಮ್ಮ ಪ್ರಶ್ನೆಗಿಂತ ಈ ಎರಡನೆಯ ಮಾತೇ ನನ್ನನ್ನು ಉತ್ತರ ಬರೆಯಲು ಕೂರಿಸಿತು. 2019ರ ನವೆಂಬರಿನಲ್ಲಿ ನನಗೂ ಕೊಲ್ಹಾಪುರದವರೊಬ್ಬರು ಇದೇ ಸೌಜನ್ಯ ತೋರಿಸಿದ್ದರು, ಆ ಸೌಜನ್ಯಕ್ಕೆ ನಾನು ತೆತ್ತದ್ದು ಅರವತ್ತೆರಡು ಸಾವಿರ ರೂಪಾಯಿ.

ನಾನು ಬೆಳಗಾವಿಯ ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ ತಪಾಸಣೆ ವಿಭಾಗದಲ್ಲಿದ್ದೇನೆ. ಹೈಡ್ರಾಲಿಕ್ ಸಿಲಿಂಡರುಗಳ ರಾಡು, ಬುಷ್ಷುಗಳನ್ನು ಮೈಕ್ರೋಮೀಟರಿನಲ್ಲಿ ಅಳೆದು ಪಾಸು ಮಾಡುವುದು ಅಥವಾ ರಿಜೆಕ್ಟ್ ಮಾಡುವುದು ನನ್ನ ಕೆಲಸ. ಈ ಸಂಗತಿ ಮುಂದೆ ಬೇಕಾಗುತ್ತದೆ, ಅದಕ್ಕಾಗಿ ಈಗಲೇ ಹೇಳಿಟ್ಟಿದ್ದೇನೆ.

ಪೋಲೋ ಜಿಟಿಯ ಹುಚ್ಚು ಹಿಡಿದದ್ದು ಗೆಳೆಯನೊಬ್ಬನ ಗಾಡಿಯಲ್ಲಿ ಚೋರ್ಲಾ ಘಾಟಿನ ಮೂಲಕ ಗೋವೆಗೆ ಹೋಗಿಬಂದ ಮೇಲೆ. ಜಾಂಬೋಟಿ ದಾಟಿ ಕಣಕುಂಬಿಯ ಕಾಡಿನ ತಿರುವುಗಳಿಗೆ ಬಂದಾಗ ಆ ಗಾಡಿ ರಸ್ತೆಯನ್ನು ಕಚ್ಚಿ ಹಿಡಿದು ಸಾಗಿದ ರೀತಿಯನ್ನು ಅಲ್ಲಿಯವರೆಗೆ ಅಪ್ಪನ ಹಳೆಯ ವ್ಯಾಗನ್ ಆರ್ ಮಾತ್ರ ಓಡಿಸಿದ್ದ ನಾನು ಊಹಿಸಿಯೂ ಇರಲಿಲ್ಲ. 1.2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 105 ಪಿಎಸ್ ಶಕ್ತಿ, 1500 ಆರ್‌ಪಿಎಮ್‌ಗೇ ಸಿಗುವ 175 ನ್ಯೂಟನ್ ಮೀಟರ್ ಟಾರ್ಕ್, ಎರಡು ಕ್ಲಚ್ಚುಗಳಿಂದ ತಾನೇ ಗೇರು ಬದಲಿಸುವ ಏಳು ಗೇರಿನ ಡಿಎಸ್‌ಜಿ: 2013ರಲ್ಲಿ ನಮ್ಮ ದೇಶಕ್ಕೆ ಬಂದಾಗ ಎಂಟು ಲಕ್ಷದ ಆಸುಪಾಸಿನಲ್ಲಿ ಇಷ್ಟನ್ನು ಕೊಡುವ ಬೇರೆ ಗಾಡಿ ಇರಲಿಲ್ಲವೆಂಬುದು ನಿಜ. ಆರು ವರ್ಷಗಳ ನಂತರ ಅದೇ ಗಾಡಿ ಅರ್ಧ ಬೆಲೆಗೆ ಸಿಗುತ್ತದೆ ಎಂದಾಗ, ಉಳಿತಾಯದಲ್ಲಿದ್ದ ನಾಲ್ಕೂವರೆ ಲಕ್ಷ ರೂಪಾಯಿ ನನ್ನ ಅಂಗೈಯಲ್ಲಿ ತುರಿಸತೊಡಗಿತು.

2014ರ ಮಾದರಿ, 58 ಸಾವಿರ ಕಿಲೋಮೀಟರ್ ಓಡಿದ್ದು, ಒಬ್ಬರೇ ಮಾಲೀಕರು, ಬೆಲೆ ನಾಲ್ಕು ಲಕ್ಷದ ಹತ್ತು ಸಾವಿರ. "ನೀವ್ಯಾಕೆ ರಜೆ ಹಾಕಿ ಬರುತ್ತೀರಿ, ಭಾನುವಾರ ನಾನೇ ಬರುತ್ತೇನೆ" ಎಂದರು ಮಾಲೀಕರು. ಹಾಗೆಯೇ ಸಂಜೆ ನಾಲ್ಕು ಗಂಟೆಗೆ ಚನ್ನಮ್ಮ ವೃತ್ತದ ಬಳಿ ಬಂದು ನಿಂತರು. ಗಾಡಿ ಕನ್ನಡಿಯಂತೆ ಹೊಳೆಯುತ್ತಿತ್ತು. ನಾನು ಕೀಲಿ ತಿರುಗಿಸಿದೆ, ಎಂಜಿನ್ ಬೆಣ್ಣೆಯಂತೆ ಚಾಲೂ ಆಯಿತು. ಹೆದ್ದಾರಿ ಹಿಡಿದು ಕಾಕತಿಯವರೆಗೆ ಹೋಗಿ ತಿರುಗಿ ಬಂದೆವು. ಟೈರಿನ ಮೇಲಿನ ವಾರ ಮತ್ತು ವರ್ಷದ ನಾಲ್ಕು ಅಂಕಿಗಳನ್ನು ಓದಿದೆ, ಬಾಗಿಲುಗಳ ಅಂಚಿನ ರಬ್ಬರ್ ಎತ್ತಿ ವೆಲ್ಡಿಂಗ್ ಗುರುತು ನೋಡಿದೆ, ಸ್ಟೆಪ್ನಿಯ ಗುಂಡಿಯಲ್ಲಿ ತುಕ್ಕು ಹುಡುಕಿದೆ. ಇಂಟರ್ನೆಟ್ಟಿನಲ್ಲಿ ಹೇಳಿದ ಮೂವತ್ತು ಪರೀಕ್ಷೆಗಳನ್ನು ಒಂದೂ ಬಿಡದೆ ಮಾಡಿ, ಐವತ್ತು ಸಾವಿರ ಮುಂಗಡ ಕೊಟ್ಟು, ಜಗತ್ತನ್ನೇ ಗೆದ್ದವನಂತೆ ಮನೆಗೆ ಹೋದೆ.

ತಪ್ಪು ಎಲ್ಲಿ ಆಯಿತು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಇದನ್ನು ಚಿಕ್ಕದಾಗಿ ಹೇಳಿದಾಗಲೆಲ್ಲ ಕೇಳಿದವರು "ಹೌದೌದು" ಎಂದು ತಲೆಯಾಡಿಸಿ ಅದೇ ತಪ್ಪನ್ನು ಮಾಡಿ ಬಂದಿದ್ದಾರೆ. ಕೊಲ್ಹಾಪುರದಿಂದ ಬೆಳಗಾವಿಗೆ ಸುಮಾರು 110 ಕಿಲೋಮೀಟರ್. ಅಷ್ಟು ದೂರ ಓಡಿ ಬಂದ ಗಾಡಿಯ ಎಂಜಿನ್ ಪೂರ್ತಿ ಬಿಸಿಯಾಗಿರುತ್ತದೆ, ಎಣ್ಣೆ ಮೂಲೆಮೂಲೆಗೂ ತಲುಪಿರುತ್ತದೆ. ನಾನು ಪರೀಕ್ಷಿಸಿದ್ದು ಆ ಎಂಜಿನ್ನನ್ನು. ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ ಬೆಳಿಗ್ಗೆ ಮೊದಲ ಬಾರಿಗೆ ಹೇಗೆ ಎದ್ದೇಳುತ್ತದೆ ಎಂಬುದನ್ನು ನಾನು ನೋಡಲೇ ಇಲ್ಲ. ಎರಡನೆಯ ಅವಕಾಶವನ್ನೂ ಕಳೆದುಕೊಂಡೆ. ಜನವರಿಯಲ್ಲಿ ಕಾಗದಪತ್ರ ಸಿದ್ಧವಾಗಿ ಗಾಡಿ ತರಲು ಕೊಲ್ಹಾಪುರಕ್ಕೆ ಹೋದಾಗ ಮಧ್ಯಾಹ್ನವಾಗಿತ್ತು, ಅವರು ಗಾಡಿಯನ್ನು ಆಗಷ್ಟೇ ವಾಷಿಂಗ್ ಸೆಂಟರಿನಿಂದ ತಂದು ನಿಲ್ಲಿಸಿದ್ದರು.

ಮರುದಿನ ಬೆಳಿಗ್ಗೆ ಆರೂವರೆಗೆ ನಮ್ಮ ಮನೆಯಂಗಳದಲ್ಲಿ ಕೀಲಿ ತಿರುಗಿಸಿದಾಗ, ತಗಡಿನ ಡಬ್ಬಿಯಲ್ಲಿ ಮೊಳೆಗಳನ್ನು ಹಾಕಿ ಅಲುಗಾಡಿಸಿದಂಥ ಸದ್ದು ಬಂತು. ಎರಡು ಮೂರು ಸೆಕೆಂಡು ಮಾತ್ರ, ಆಮೇಲೆ ಮತ್ತದೇ ಬೆಣ್ಣೆ. ಚಳಿಗೆ ಹೀಗಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹದಿನೈದು ದಿನ ಹಾಗೆಯೇ ಹೇಳಿಕೊಂಡು, ಕೊನೆಗೆ ಪರಿಚಯದ ಮಿಸ್ತ್ರಿಯೊಬ್ಬರ ಗ್ಯಾರೇಜಿನಲ್ಲಿ ರಾತ್ರಿ ಗಾಡಿ ಬಿಟ್ಟು ಬಂದೆ. ಬೆಳಿಗ್ಗೆ ನನ್ನೆದುರಿಗೇ ಚಾಲೂ ಮಾಡಿದ ಅವರು ಕೂಡಲೇ ಬಂದ್ ಮಾಡಿದರು. "ಸರ್, ತಗೊಳ್ಳೂ ಮುಂಚೆ ಹಿಂಗ ತಂಪಿದ್ದಾಗ ಒಮ್ಮೆರೆ ಚಾಲೂ ಮಾಡಿ ನೋಡಿದ್ರೇನ್ರಿ?" ಎಂದು ಕೇಳಿದರು. ನಾನು ಸುಮ್ಮನಿದ್ದೆ.

ನನ್ನ ಗಾಡಿಯ ಎಂಜಿನ್ನಿನಲ್ಲಿ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿನಿಂದ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟಿಗೆ ಚಲನೆ ಒಯ್ಯುವುದು ಒಂದು ಲೋಹದ ಚೈನು. ಸೈಕಲ್ ಚೈನಿನಂತೆ ಕೊಂಡಿಗಳ ಪಿನ್ನುಗಳು ಸವೆದಂತೆ ಅದು ಉದ್ದವಾಗುತ್ತದೆ, ಎಣ್ಣೆಯನ್ನು ಸಮಯಕ್ಕೆ ಬದಲಿಸದಿದ್ದರೆ ಇನ್ನೂ ಬೇಗ ಸವೆಯುತ್ತದೆ. ಹೀಗೆ ಸಡಿಲಾದ ಚೈನನ್ನು ಬಿಗಿ ಹಿಡಿದಿಡಲು ಒಂದು ಟೆನ್ಷನರ್ ಇರುತ್ತದೆ, ಅದು ಎಂಜಿನ್ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಪುಟ್ಟ ಹೈಡ್ರಾಲಿಕ್ ಸಿಲಿಂಡರ್. ರಾತ್ರಿ ನಿಂತಾಗ ಅದರೊಳಗಿನ ಎಣ್ಣೆ ಇಳಿದುಹೋಗುತ್ತದೆ. ಬೆಳಿಗ್ಗೆ ಮತ್ತೆ ಒತ್ತಡ ಬರುವವರೆಗಿನ ಆ ಎರಡು ಮೂರು ಸೆಕೆಂಡುಗಳಲ್ಲಿ ಸಡಿಲ ಚೈನು ಕವಚಕ್ಕೆ ಬಡಿದುಕೊಳ್ಳುತ್ತದೆ, ಒತ್ತಡ ಬಂದೊಡನೆ ಸದ್ದು ಮುಚ್ಚಿಹೋಗುತ್ತದೆ. ಅಂದರೆ ಕಾಯಿಲೆ ಬಾಯಿ ಬಿಡುವುದು ದಿನಕ್ಕೆ ಒಮ್ಮೆ, ಮೂರು ಸೆಕೆಂಡು ಮಾತ್ರ. ಅದನ್ನು ಅಲಕ್ಷಿಸಿ ಓಡಿಸುತ್ತ ಹೋದರೆ ಒಂದು ದಿನ ಚೈನು ಹಲ್ಲು ತಪ್ಪಿ, ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ.

ಈಗ ನನ್ನ ಕೆಲಸದ ಮಾತಿಗೆ ಬರುತ್ತೇನೆ. ನಮ್ಮ ಶಾಪಿಗೆ ಹೊಸ ಹುಡುಗರು ಸೇರಿದಾಗ ಮೊದಲ ದಿನ ನಾನು ಕಲಿಸುವ ಪಾಠ, ಮಷಿನ್ನಿನಿಂದ ಆಗ ತಾನೇ ಇಳಿದ ಬಿಸಿ ಜಾಬನ್ನು, ಅಂದರೆ ತಯಾರಾದ ಭಾಗವನ್ನು, ಅಳೆಯಬಾರದು ಎಂಬುದು. ಅಳತೆಗೆ ಜಗತ್ತೆಲ್ಲ ಒಪ್ಪಿದ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್. 100 ಮಿಲಿಮೀಟರಿನ ಉಕ್ಕಿನ ರಾಡು ಅದಕ್ಕಿಂತ 30 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಸುಮಾರು 35 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 35 ಪಾಲು) ಹಿಗ್ಗಿರುತ್ತದೆ, ರಿಜೆಕ್ಟ್ ಆಗಬೇಕಾದದ್ದು ಪಾಸಾಗಿ ಹೋಗುತ್ತದೆ. ಹತ್ತು ವರ್ಷ ಇದನ್ನು ಬೋಧಿಸಿದವನು, ಅದರಲ್ಲೂ ಹೈಡ್ರಾಲಿಕ್ ಸಿಲಿಂಡರಿನ ಭಾಗಗಳನ್ನೇ ಅಳೆದು ಅನ್ನ ತಿನ್ನುವವನು, ನನ್ನ ಸ್ವಂತ ದುಡ್ಡಿನ ಗಾಡಿಯ ವಿಷಯದಲ್ಲಿ ಬಿಸಿ ಜಾಬನ್ನು ಪಾಸು ಮಾಡಿ ಬಂದಿದ್ದೆ. ಬೈಲಹೊಂಗಲದ ಹಳ್ಳಿಯಲ್ಲಿ ದನ ಕಟ್ಟಿ ಬೆಳೆದ ಅಪ್ಪ ವಿಷಯ ಕೇಳಿ ಇಷ್ಟೇ ಹೇಳಿದರು: "ಎಮ್ಮಿ ತಗೊಳ್ಳಾಕ ಹ್ವಾದ್ರ ಎರಡ ಹೊತ್ತ ಹಿಂಡಿ ನೋಡ್ತೇವಿ. ನೀ ನಾಕ ಲಕ್ಷದ ಗಾಡೀನ ಒಂದ ತಾಸಿನಾಗ ಪಸಂದ ಮಾಡಿ ಬಂದಿಯಲ್ಲೋ."

ಕೊಲ್ಹಾಪುರದವರು ಬೇಕೆಂದೇ ಮೋಸ ಮಾಡಿದರು ಎಂದು ನಾನು ಇಂದಿಗೂ ಹೇಳಲಾರೆ. ಅವರಿಗೆ ಆ ಸದ್ದು ರೂಢಿಯಾಗಿದ್ದಿರಬಹುದು, ನಿಜವಾಗಿ ಸೌಜನ್ಯದಿಂದಲೇ ಬಂದಿದ್ದಿರಬಹುದು. ಚೈನಿಗೆ ಅದ್ಯಾವುದೂ ಗೊತ್ತಾಗುವುದಿಲ್ಲ.

ಚೈನು, ಟೆನ್ಷನರು, ಗೈಡುಗಳು, ಕೂಲಿ ಸೇರಿ ಅರವತ್ತೆರಡು ಸಾವಿರವಾಯಿತು. ಮಹಾರಾಷ್ಟ್ರದ ನೋಂದಣಿಯ ಗಾಡಿಯಾದ್ದರಿಂದ ಕರ್ನಾಟಕದ ಜೀವಾವಧಿ ತೆರಿಗೆಗೆ ಎಂಬತ್ತು ಸಾವಿರದಷ್ಟು ಬೇರೆ ಹೋಯಿತು. ಇದನ್ನು ಲೆಕ್ಕ ಹಾಕಿದ್ದೆನಾದರೂ ಅರ್ಧದಷ್ಟು ಮಾತ್ರ ಹಾಕಿದ್ದೆ. ಗಾಡಿ ಕೊಂಡ ಮೇಲೆ ಕೈಯಲ್ಲಿ ಉಳಿದದ್ದು ನಲವತ್ತು ಸಾವಿರ, ಉಳಿದದ್ದಕ್ಕೆ ಸೊಸೈಟಿಯಿಂದ ಸಾಲ ತೆಗೆದೆ. ಗಡಿಯಾಚೆಯ ಗಾಡಿ ಅಗ್ಗವೆಂದು ನಮ್ಮೂರಿನ ಅರ್ಧ ಜನ ನಂಬಿದ್ದಾರೆ. ಅಲ್ಲಿನ ಆರ್‌ಟಿಓದಿಂದ 28ನೆಯ ನಮೂನೆಯಲ್ಲಿ ಎನ್‌ಒಸಿ (ಆಕ್ಷೇಪಣೆಯಿಲ್ಲವೆಂಬ ಪತ್ರ) ತಂದು, ಇಲ್ಲಿ ತೆರಿಗೆ ಕಟ್ಟಿ, ಹೊಸ ಸಂಖ್ಯೆ ಪಡೆದು ಮುಗಿಸಿದ ಮೇಲೆ ಆ ಅಗ್ಗದಲ್ಲಿ ಏನು ಉಳಿಯಿತೆಂದು ಅವರು ಯಾರೂ ಕೂತು ಕೂಡಿಸಿ ನೋಡಿದಂತಿಲ್ಲ.

ಆದ್ದರಿಂದ, ಕ್ಷಮಿಸಿ, ನಿಮ್ಮ ಪ್ರಶ್ನೆಯೇ ತಪ್ಪು. ನಿಮ್ಮ ಬಳಿ ನಾಲ್ಕು ಲಕ್ಷವಿದ್ದರೆ ಗಾಡಿಯ ಬೆಲೆ ಮೂರು ಲಕ್ಷ ದಾಟಬಾರದು. ಮಿಕ್ಕ ಒಂದು ಲಕ್ಷ ಗಾಡಿಯದೇ ಹೊರತು ನಿಮ್ಮದಲ್ಲ, ಮೊದಲ ವರ್ಷದಲ್ಲಿ ಅದು ಟೈರು, ಸಸ್ಪೆನ್ಷನ್, ವಿಮೆ, ಕ್ಲಚ್ ಎಂದು ಕೇಳಿಕೊಂಡು ಬಂದೇ ಬರುತ್ತದೆ. ಈ ಲೆಕ್ಕಕ್ಕೆ ಕೂತರೆ ನಿಮ್ಮ ಪಟ್ಟಿಯ ಎರಡೂ ಗಾಡಿಗಳು ಹೊರಗೆ ಬೀಳುತ್ತವೆ. ಮೂರು ಲಕ್ಷಕ್ಕೆ ಜಿಟಿ ಟಿಎಸ್‌ಐ ಸಿಕ್ಕಿತೆಂದರೆ ಅದರ ಮುಂದಿನ ದೊಡ್ಡ ರಿಪೇರಿಯನ್ನು ಹಳೆಯ ಮಾಲೀಕರು ನಿಮಗೆ ದಾಟಿಸುತ್ತಿದ್ದಾರೆ ಎಂದೇ ತಿಳಿಯಿರಿ. ಅದರ ಡಿಎಸ್‌ಜಿಯಲ್ಲಿರುವುದು ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ಚುಗಳು, ನಿಂತು ನಿಂತು ತೆವಳುವ ಸಂದಣಿಯಲ್ಲಿ ಅವು ಬಿಸಿಯಾಗಿ ಬೇಗ ಸವೆಯುತ್ತವೆ. ಎಂಜಿನ್ನಿನಂತಲ್ಲದೆ ಈ ಭಾಗವನ್ನು ಮಾತ್ರ ಬಿಸಿಯಾದ ಮೇಲೆಯೇ ನೋಡಬೇಕು. ನನ್ನಂತೆ ಖಾಲಿ ಹೆದ್ದಾರಿಯಲ್ಲಿ ಕಾಕತಿಗೆ ಹೋಗಿ ಬರುವುದಲ್ಲ, ಸಂಜೆ ಗಣಪತ ಗಲ್ಲಿಯ ಗದ್ದಲದಲ್ಲಿ ಅರ್ಧ ತಾಸು ತೆವಳಿಸಿ, ಒಂದರಿಂದ ಎರಡನೆಯ ಗೇರಿಗೆ ಹೋಗುವಾಗ ಗಾಡಿ ನಡುಗುತ್ತದೆಯೇ ನೋಡಬೇಕು.

ಬಲೆನೊ ಆರ್‌ಎಸ್ ಜಿಟಿಗಿಂತ ಬುದ್ಧಿವಂತರ ಆಯ್ಕೆ: 1.0 ಲೀಟರಿನ ಟರ್ಬೊ, 102 ಪಿಎಸ್, 950 ಕಿಲೋ ತೂಕ, ಐದು ಗೇರಿನ ಸಾದಾ ಮ್ಯಾನುಯಲ್. ಆದರೆ 2017ರಿಂದ 2020ರ ಆರಂಭದವರೆಗೆ ಮಾತ್ರ ಮಾರಿದ ಗಾಡಿಯಾದ್ದರಿಂದ ಸಿಗುವುದೇ ವಿರಳ, ಸಿಕ್ಕವರು ಬೆಲೆ ಬಿಡುವುದಿಲ್ಲ. ಯಾರಾದರೂ ಫಿಯೆಟ್‌ನ 145 ಪಿಎಸ್‌ನ ಅಬಾರ್ತ್ ಪುಂಟೊದ ಆಸೆ ತೋರಿಸಿದರೆ ಕಿವಿ ಮುಚ್ಚಿಕೊಳ್ಳಿ. ಕಂಪನಿಯೇ ಅಂಗಡಿ ಮುಚ್ಚಿಕೊಂಡು ಹೋದ ಮೇಲೆ ಅದು ದುಡ್ಡಿದ್ದವರ ಎರಡನೆಯ ಗಾಡಿ, ನಮ್ಮಂಥವರ ಒಂದೇ ಗಾಡಿಯಲ್ಲ.

ನನ್ನ ಪೋಲೋವನ್ನು 2022ರಲ್ಲಿ, ಚೈನಿನ ಬಿಲ್ಲು ಸಮೇತ ಎಲ್ಲವನ್ನೂ ಹೇಳಿ ಮಾರಿದೆ. ಈಗ ಓಡಿಸುವುದು 2016ರ ಫೋರ್ಡ್ ಫಿಗೋ ಡೀಸೆಲ್. 1.5 ಲೀಟರ್, 100 ಪಿಎಸ್, 215 ನ್ಯೂಟನ್ ಮೀಟರ್, ಕೈಯಿಂದ ಹಾಕುವ ಐದು ಗೇರು. ಹೊರಗಿನಿಂದ ನೋಡಿದರೆ ಶಾಲೆಯ ಮಾಸ್ತರರ ಗಾಡಿ, ಚೋರ್ಲಾ ಘಾಟಿನಲ್ಲಿ ಮಾತ್ರ ಹಿಂದಿನ ಸೀಟಿನವರು ನಿಧಾನ ಎಂದು ಕೂಗುತ್ತಾರೆ. ಫೋರ್ಡ್ 2021ರಲ್ಲಿ ಇಲ್ಲಿ ಗಾಡಿ ತಯಾರಿಸುವುದನ್ನು ನಿಲ್ಲಿಸುವುದಾಗಿ ಘೋಷಿಸಿದ್ದರಿಂದ ಜನ ಹೆದರಿ ಬೆಲೆ ಇಳಿಸಿದ್ದಾರೆ, ನನಗಂತೂ ಬಿಡಿಭಾಗ ಸಿಗದೆ ಗಾಡಿ ನಿಂತ ದಿನ ಇದುವರೆಗೆ ಬಂದಿಲ್ಲ. ಡೀಸೆಲ್ ಬೇಡವೆಂದರೆ ಒಳ್ಳೆಯ ದಾಖಲೆಯಿರುವ ಪೆಟ್ರೋಲ್ ಸ್ವಿಫ್ಟ್ ಹುಡುಕಿ. ಶಕ್ತಿಯ ಅಂಕಿ ಚಿಕ್ಕದಾದರೂ ಹಗುರ ಗಾಡಿ ಘಾಟಿನಲ್ಲಿ ಕೊಡುವ ಖುಷಿ ಕಡಿಮೆಯದಲ್ಲ.

ಆ ಫಿಗೋ ಇದ್ದದ್ದು ಗೋಕಾಕದಲ್ಲಿ. ಮಾಲೀಕರು ಬೆಳಗಾವಿಗೆ ತರುತ್ತೇನೆ ಎಂದಾಗ ಕೈಮುಗಿದು ಬೇಡವೆಂದೆ. ಹಿಂದಿನ ರಾತ್ರಿ ಅಲ್ಲಿನ ಸಂಬಂಧಿಕರ ಮನೆಯಲ್ಲಿ ಉಳಿದು, ಬೆಳಿಗ್ಗೆ ಆರಕ್ಕೆ ಅವರ ಅಂಗಳಕ್ಕೆ ಹೋಗಿ, ಅವರು ಹೊರಗೆ ಬರುವ ಮೊದಲೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದೆ. ಇಬ್ಬನಿಯಿಂದ ಒದ್ದೆಯಾಗಿ ತಣ್ಣಗಿತ್ತು. ಅವರ ಮನೆಯವರು ನನ್ನನ್ನು ಕಳ್ಳನೆಂದುಕೊಂಡು ಕಿಟಕಿಯಿಂದ ಕೂಗಿದರು, ಆಮೇಲೆ ಅವರೇ ಚಹಾ ಕೊಟ್ಟರು.

ಇಷ್ಟಾದರೂ ಆ ಪೋಲೋವನ್ನು ನೋಡಲೇಬೇಕೆಂದಿದ್ದರೆ, ನೀವೂ ಕೊಲ್ಹಾಪುರದವರಿಗೆ ಇವತ್ತೇ ಫೋನ್ ಮಾಡಿ, ಗಾಡಿ ತರುವುದು ಬೇಡ, ನಾನೇ ಬೆಳಿಗ್ಗೆ ಬರುತ್ತೇನೆ, ಅಲ್ಲಿಯವರೆಗೆ ಚಾಲೂ ಮಾಡಬೇಡಿ ಎಂದು ಹೇಳಿ. ಬಾನೆಟ್ ತೆರೆದಿಟ್ಟು ಅವರ ಕೈಯಿಂದ ಕೀಲಿ ತಿರುಗಿಸಿ, ನೀವು ಎಂಜಿನ್ನಿನ ಪಕ್ಕದಲ್ಲಿ ನಿಂತು ಆ ಮೊದಲ ಮೂರು ಸೆಕೆಂಡು ಕಿವಿಗೊಡಿ, ಹಿಂದೆ ಒಬ್ಬ ಗೆಳೆಯನನ್ನು ನಿಲ್ಲಿಸಿ ಹೊಗೆಯ ಬಣ್ಣ ನೋಡಿಸಿ. ನೀವು ಹೋಗುವಷ್ಟರಲ್ಲಿ ಅವರು ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಜಗಳವಾಡಬೇಡಿ, ಚಹಾ ಕೊಟ್ಟರೆ ಕುಡಿದು ಬೆಳಗಾವಿಯ ಬಸ್ಸು ಹತ್ತಿ.